ಕ್ಯಾಮೆರಾಗೆ ಹೊರಗಿನ ಮೈ, ಮಗುಗೆ ಒಳಗಿನ ಮೈ

ಎಲ್ಲರಿಗೂ ನಮಸ್ಕಾರ. ಇವತ್ತು ಕ್ರೋಶಾ, ಅಂದ್ರೆ ಕೊಕ್ಕೆ ಸೂಜೀಲಿ ಹೆಣೆಯೋ ಕೆಲಸದ ಪ್ಯಾಟರ್ನ್ ಹೇಳಿಕೊಡ್ತಿಲ್ಲ, ಸುಮ್ನೆ ಕೂತು ಮಾತಾಡ್ಬೇಕು ಅನ್ನಿಸ್ತು. ನನ್ನ ಕೈಯಲ್ಲಿ ಒಂದು ಟೋಪಿ ಇದೆ ನೋಡಿ, ಕಂದು ಬಣ್ಣದ್ದು, ಎರಡು ದುಂಡು ಕಿವಿ, ಕರಡಿಮರಿ ಟೋಪಿ. ಹೊರಗಡೆಯಿಂದ ಮುದ್ದಾಗಿದೆ. ಈಗ ಇದನ್ನ ತಿರುವಿ ಹಾಕ್ತೀನಿ, ಒಳಗಡೆ ನೋಡಿ. ಕಿವಿ ಹೊಲಿದ ಕಡೆ ಎರಡು ಗಂಟು, ಬಣ್ಣ ಬದಲಾಯಿಸಿದ ಕಡೆ ದಾರದ ತುದಿ, ಅಂಚಲ್ಲಿ ಬಿಗಿಯಾಗಿ ಎಳೆದು ಮುಗಿಸಿರೋ ಸಾಲು. ಕ್ಯಾಮೆರಾ ಇದ್ಯಾವುದನ್ನೂ ನೋಡಲ್ಲ. ಮಗು ತಲೆಗೆ ತಾಗೋದು ಮಾತ್ರ ಪೂರ್ತಿ ಇದೇ. ಮಗು ಪಾಲಿಗೆ ಟೋಪಿ ಅಂದ್ರೆ ಈ ಒಳಗಿನ ಮೈ ಅಷ್ಟೇ, ಕಿವಿ ಗಿವಿ ಎಲ್ಲಾ ನಮ್ಮ ಖುಷಿಗೆ.

ಅದಕ್ಕೆ ನಾನು ಹೇಳೋದು, ಫೋಟೋಶೂಟ್‌ಗೆ ಮಗು ಡ್ರೆಸ್ ಹೆಣೆಯೋರು ಒಳಗಿನ ಮೈಯಿಂದ ಯೋಚನೆ ಶುರು ಮಾಡ್ಬೇಕು, ಆಮೇಲೆ ಹೊರಗಡೆ ಕರಡಿ ಬೇಕೋ ಮೊಲ ಬೇಕೋ ಆಮೆ ಬೇಕೋ ನೋಡ್ಕೊಳ್ಳೋಣ.

ಈ ಟೋಪಿ ಒಂದು ಪೂರ್ತಿ ಡ್ರೆಸ್ಸಿನ ಜೊತೇದು. ನನ್ನ ತಂಗಿಗೆ ಮಗಳು ಹುಟ್ಟಿದಾಗ ಫೋಟೋಶೂಟ್ ಮಾಡಿಸ್ತೀವಿ ಅಂದ್ಲು, ಡ್ರೆಸ್ ನಾನೇ ಮಾಡ್ತೀನಿ ಅಂತ ಮಾತು ಕೊಟ್ಟೆ, ತೋಳು, ಕಾಲು, ಹಿಂದೆ ಪುಟ್ಟ ಬಾಲ, ಹೊಟ್ಟೆ ಮೇಲೆ ತಿಳಿ ಬಣ್ಣದ ದುಂಡು ಪ್ಯಾಚ್, ಎರಡು ವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂತು ಹೆಣೆದೆ. ಶೂಟ್ ದಿನ ಮಗುಗೆ ಹನ್ನೆರಡು ದಿನ. ತೋಳು ಹಾಕೋಕೆ ಹೋದ್ವಿ. ಹಸುಗೂಸಿನ ಕೈ ಗೊತ್ತಲ್ಲ, ಮುಷ್ಟಿ ಬಿಗಿಯಾಗಿರತ್ತೆ, ಆದ್ರೆ ತೋಳೊಳಗೆ ಹೋಗ್ತಿದ್ದ ಹಾಗೆ ಬೆರಳು ಅಗಲ ಆಗಿಬಿಡತ್ತೆ. ಬೇಗ ಬೆಳೆಯತ್ತೆ ಅಂತ ನಾನು ತೋಳಿಗೆ ಡಬಲ್ ಕ್ರೋಶಾ ಹಾಕಿದ್ದೆ, ಆ ಉದ್ದುದ್ದ ಸ್ಟಿಚ್ಚುಗಳ ಮಧ್ಯೆ ಕಿಂಡಿ ಇರತ್ತೆ. ಕಿರುಬೆರಳು ಆ ಕಿಂಡೀಲಿ ಸಿಕ್ಕಿಕೊಳ್ತು. ಹೊರಗಡೆಯಿಂದ ನಮಗೆ ಕಾಣಿಸ್ತಿಲ್ಲ, ಕೈ ಯಾಕೆ ಬರ್ತಿಲ್ಲ ಅಂತ ನಾನು ಇನ್ನೊಂಚೂರು ಎಳೆದೆ. ಆ ಅಳು ಇವತ್ತಿಗೂ ನನ್ನ ಕಿವೀಲಿದೆ. ತಂಗಿ ಬೈಲಿಲ್ಲ, "ಅಕ್ಕಾ, ಬೇಡ, ತೆಗೆದುಬಿಡು" ಅಂದ್ಲು ಅಷ್ಟೇ. ಬೆರಳಿಗೆ ಏನೂ ಆಗಿರ್ಲಿಲ್ಲ, ದೇವರು ದೊಡ್ಡವನು. ಆದ್ರೆ ಟೋಪಿ ತೆಗೆದಾಗ ಹಣೆ ಮೇಲೆ ಅಚ್ಚು ಬಿದ್ದಿತ್ತು, ಸಾಲು ಸಾಲಾಗಿ, ಒಂದೊಂದು ಸ್ಟಿಚ್ಚನ್ನೂ ಎಣಿಸಬಹುದಿತ್ತು. ನಾನು ಹೆಣೆದ ಅಂಚು ಆ ಮಗು ಚರ್ಮದ ಮೇಲೆ ಪಡಿಯಚ್ಚಾಗಿ ಕೂತಿತ್ತು. ನನ್ನ ಕರುಳು ಚುರ್ ಅಂತು.

ಆಮೇಲೆ ಮನೆಗೆ ಬಂದು ಆ ಟೋಪಿನ ತಿರುವಿ ನನ್ನ ಮಣಿಕಟ್ಟಿನ ಒಳಭಾಗಕ್ಕೆ ಒತ್ತಿಕೊಂಡು ನೋಡಿದೆ, ಕತ್ತಿಗೆ ಉಜ್ಜಿಕೊಂಡು ನೋಡಿದೆ. ಅಂಗೈಗೆ ಮೆತ್ತಗೆ ಅನ್ನಿಸಿದ್ದ ದಾರ ಕತ್ತಿಗೆ ತಾಗಿದ್ರೆ ಚುಚ್ಚತ್ತೆ. ಹೆಣೆಯೋರ ಬೆರಳು ದಾರ ಎಳೆದೂ ಎಳೆದೂ ಒರಟಾಗಿರತ್ತೆ ಕಣ್ರೀ, ನಮ್ಮ ಬೆರಳನ್ನ ನಂಬಬಾರ್ದು. ಅಂಗಡೀಲಿ ಉಲ್ಲನ್ ತಗೋಬೇಕಾದ್ರೇನೇ ಉಂಡೆನ ಕೆನ್ನೆಗೆ, ಕತ್ತಿಗೆ ಹಿಡಿದು ನೋಡಿ, ನಾಚಿಕೆ ಪಡಬೇಡಿ.

ಈಗ ಅಳತೆ ವಿಷಯ. "ನ್ಯೂಬಾರ್ನ್ ಸೈಜ್" ಅಂತ ಪ್ಯಾಟರ್ನ್‌ನಲ್ಲಿ ಬರೆದಿರತ್ತಲ್ಲ, ಅದೊಂದು ಅಂದಾಜು. ಹುಟ್ಟಿದ ಮಗು ತಲೆ ಸುತ್ತಳತೆ ಸಾಮಾನ್ಯವಾಗಿ 34-35 ಸೆಂ.ಮೀ. ಆಸುಪಾಸು, ಆದ್ರೆ 33 ಇರೋ ಮಗೂನೂ ಇದೆ, 37 ಇರೋ ಮಗೂನೂ ಇದೆ, ಎಲ್ಲಾ ಆರೋಗ್ಯವಾಗೇ ಇರ್ತವೆ. ಮೊದಲ ಮೂರು ತಿಂಗಳು ತಲೆ ತಿಂಗಳಿಗೆ ಹತ್ತಿರ ಹತ್ತಿರ 2 ಸೆಂ.ಮೀ. ಬೆಳೆಯತ್ತೆ. ಬಾಣಂತಿ ಇನ್ನೂ ಆಸ್ಪತ್ರೇಲಿರೋವಾಗ ಹೆಣೆಯೋಕೆ ಶುರು ಮಾಡಿ ಶೂಟನ್ನ ಒಂದು ತಿಂಗಳು ಮುಂದಕ್ಕೆ ಹಾಕಿದ್ರೆ ಆ ಟೋಪಿ ಆ ಮಗುದಲ್ಲ. ಹಾಗಾಗಿ ನಾನೀಗ ತಲೆ ಅಳತೆ ಬರದೆ ಟೋಪಿ ಮುಗಿಸಲ್ಲ. ಹುಬ್ಬಿನ ಮೇಲಿಂದ, ಕಿವಿ ಮೇಲಿಂದ, ಹಿಂದೆ ತಲೆ ಉಬ್ಬಿರೋ ಜಾಗದವರೆಗೆ ಟೇಪ್ ಸುತ್ತಿ ಅಳೀರಿ ಅಂತ ಅಮ್ಮಂದಿರಿಗೆ ಹೇಳ್ತೀನಿ, ಶೂಟ್‌ಗೆ ಎರಡು ಮೂರು ದಿನ ಇದ್ದಾಗ ಇನ್ನೊಮ್ಮೆ.

ಲೆಕ್ಕ ಸುಲಭ. ತಲೆ 36 ಸೆಂ.ಮೀ. ಅಂದ್ಕೊಳ್ಳಿ. ಕ್ರೋಶಾ ಒಂಚೂರು ಹಿಗ್ಗತ್ತೆ, ಹಾಗಾಗಿ 2 ಸೆಂ.ಮೀ. ಕಮ್ಮಿ ಮಾಡಿ 34 ಇಟ್ಕೊಳ್ತೀವಿ. ಅದನ್ನ 3.14ರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ 10.8, ಅಂದ್ರೆ ನೆತ್ತಿ ಮೇಲಿನ ಚಪ್ಪಟೆ ವೃತ್ತ ಅಷ್ಟು ಅಗಲ ಆಗೋವರೆಗೂ ಇಂಕ್ರೀಸ್, ಅಂದ್ರೆ ಸ್ಟಿಚ್ ಜಾಸ್ತಿ ಮಾಡ್ತಾ ಹೋಗೋದು, ಮ್ಯಾಜಿಕ್ ರಿಂಗ್ ಅನ್ನೋ ಶುರುವಿನ ದಾರದ ಉಂಗುರದಲ್ಲಿ 6 ಸ್ಟಿಚ್, ಆಮೇಲೆ 12, 18, 24, ಹೀಗೆ ಪ್ರತಿ ರೌಂಡಿಗೆ 6 ಜಾಸ್ತಿ, ಅಳತೆ ಸಿಕ್ಕಿದ ಮೇಲೆ ಇಂಕ್ರೀಸ್ ನಿಲ್ಲಿಸಿ ನೇರ ಕೆಳಗೆ ಇಳಿಯೋದು. ಎಷ್ಟು ರೌಂಡ್ ಅಂತ ನನ್ನ ಕೇಳಬೇಡಿ, ಅದು ನಿಮ್ಮ ದಾರ, ನಿಮ್ಮ ಹುಕ್, ನಿಮ್ಮ ಕೈ ಬಿಗೀನ ಮೇಲೆ ಹೋಗತ್ತೆ. ಒಂದೇ ದಾರ ಒಂದೇ ಹುಕ್ಕಲ್ಲಿ ನಾನೂ ನೀವೂ ಹೆಣೆದ್ರೂ ಒಂದೇ ಅಳತೆ ಬರಲ್ಲ. ಸ್ಕೇಲ್ ಇಟ್ಟು ಅಳೀರಿ. ಇನ್ನೊಂದು, ಪ್ಯಾಟರ್ನ್ ಅಮೆರಿಕದ್ದೋ ಬ್ರಿಟನ್ನಿನದ್ದೋ ನೋಡ್ಕೊಳ್ಳಿ, ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನೋದನ್ನೇ ಬ್ರಿಟನ್ನಿನವರು ಡಬಲ್ ಕ್ರೋಶಾ ಅಂತಾರೆ, ಅದೊಂದು ಗೊತ್ತಿಲ್ಲದೆ ಟೋಪಿ ಹೂಜಿ ಥರ ಆದದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ.

ಆ ಹಣೆ ಅಚ್ಚಿಗೆ ಬರೋಣ. ಅಚ್ಚು ಬೀಳೋದು ಕೊನೇ ಸಾಲಿಂದ. ಮುಗೀತಾ ಬಂತು ಅನ್ನೋ ಖುಷೀಲಿ ಕೈ ಬಿಗಿಯಾಗತ್ತೆ. ಪೂರ್ತಿ ಟೋಪಿ 4 ಎಂಎಂ ಹುಕ್ಕಲ್ಲಿ ಮಾಡಿದ್ರೆ ಕೊನೇ ಎರಡು ಸಾಲಿಗೆ 5 ಎಂಎಂ ತಗೊಳ್ಳಿ, ಅಂಚು ತಾನಾಗೇ ಸಡಿಲ ಆಗತ್ತೆ. ಎರಡು ಬೆರಳು ಆರಾಮಾಗಿ ಒಳಗೆ ಹೋಗ್ಬೇಕು. ಟೋಪಿ ಜಾರತ್ತೆ ಅಂತ ಫೋಟೋಗ್ರಾಫರ್ ಹೇಳಬಹುದು, ಜಾರಲಿ ಬಿಡಿ, ಸರಿ ಮಾಡೋಕೆ ಒಂದು ಸೆಕೆಂಡು.

ದಾರದ ತುದಿ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಯಾಕಂದ್ರೆ ಇದು ಬರೀ ಚುಚ್ಚೋ ವಿಷಯ ಅಲ್ಲ. ಬೂಟಿ, ಅಂದ್ರೆ ಮಗು ಕಾಲಿಗೆ ಹಾಕೋ ಹೆಣೆದ ಪುಟ್ಟ ಬೂಟು, ಅದರ ಒಳಗೆ ಒಂದು ಎಳೆ ಸಡಿಲ ಇದ್ರೆ ಅದು ಕಾಲ್ಬೆರಳಿಗೆ ಸುತ್ತಿಕೊಳ್ಳತ್ತೆ. ಮಗು ಕಾಲು ಒದ್ದಷ್ಟೂ ಬಿಗಿಯಾಗತ್ತೆ, ರಕ್ತ ಓಡಾಡೋದು ನಿಲ್ಲತ್ತೆ, ಬೆರಳು ಕೆಂಪಾಗಿ ಊದತ್ತೆ. ತಲೆಗೂದಲಿಂದಾನೂ ಹೀಗಾಗತ್ತೆ, ಮಕ್ಕಳ ಡಾಕ್ಟರುಗಳು ಇದನ್ನ ಹೇರ್ ಟೂರ್ನಿಕೆಟ್ ಅಂತಾರೆ, ಕಾರಣ ಗೊತ್ತಾಗದೆ ಒಂದೇ ಸಮನೆ ಅಳೋ ಮಗುವಿನ ಕಾಲ್ಬೆರಳು ಕೈಬೆರಳು ಬಿಚ್ಚಿ ನೋಡೋದು ಅದಕ್ಕೇ. ಹಾಗಾಗಿ ತುದಿನ ಒಂದು ಕಡೆ ಮಾತ್ರ ನುಗ್ಗಿಸಿ ಕತ್ತರಿಸಬೇಡಿ, ಸೂಜೀಲಿ ಈ ಕಡೆ, ವಾಪಸ್ ಆ ಕಡೆ, ಮತ್ತೆ ಈ ಕಡೆ, ಮೂರು ಸಲ. ಬೂಟಿ, ಕೈಗವಸು ಆದ್ರೆ ಮುಗಿದ ಮೇಲೆ ತಿರುವಿ ಬೆಳಕಲ್ಲಿ ಹಿಡಿದು ಒಂದೊಂದು ಸಾಲೂ ನೋಡಿ. ಇದಕ್ಕೆ ಹತ್ತು ನಿಮಿಷ ಕೊಡದವರು ಬೂಟಿ ಮಾಡದೇ ಇರೋದೇ ವಾಸಿ, ಬರಿಗಾಲಿನ ಪುಟ್ಟ ಪಾದ ಫೋಟೋದಲ್ಲಿ ಯಾವ ಬೂಟಿಗೂ ಕಮ್ಮಿ ಕಾಣಲ್ಲ.

ಮೊಹೇರ್ ಅನ್ನೋ ಆಡಿನ ಕೂದಲಿನ ಉಲ್ಲನ್ ಫೋಟೋದಲ್ಲಿ ಮೋಡದ ಥರ ಕಾಣತ್ತೆ, ಒಪ್ಕೊಳ್ತೀನಿ, ಆದ್ರೆ ಅದರ ನವಿರು ಎಳೆ ಉದುರತ್ತೆ, ಮಗು ಬಾಯಿ ತೆರೆದೇ ಮಲಗಿರತ್ತೆ, ಕಣ್ಣಿಗೂ ಹೋಗತ್ತೆ. ನಾನು ಮುಖದ ಹತ್ರ ಅದನ್ನ ಹಾಕಲ್ಲ. ಕಾಟನ್‌ಗೆ ಎಳೆತ ಕಮ್ಮಿ, ಆದ್ರೆ ಗಾಳಿ ಆಡತ್ತೆ, ಎಳೆ ಬಿಡಲ್ಲ. ಅಕ್ರಿಲಿಕ್ ಹಗುರ, ಒಗೆಯೋಕೆ ಸುಲಭ, ಇಸ್ತ್ರಿ ಮಾತ್ರ ತಾಗಿಸಬೇಡಿ, ಕರಗತ್ತೆ. ಯಾವುದೇ ಆಗಲಿ, ಮುಗಿದ ಮೇಲೆ ವಾಸನೆ ಇಲ್ಲದ ಸೋಪಲ್ಲಿ ಒಗೆದು ಚಪ್ಪಟೆಯಾಗಿ ಹರಡಿ ಒಣಗಿಸಿ ಕೊಡಿ, ಎರಡು ವಾರ ನಮ್ಮ ಕೈಬೆವರು ಕುಡಿದಿರತ್ತೆ ಅದು.

ಕಣ್ಣು, ಮೂಗು, ಗುಂಡಿ, ಮಣಿ. ಮಗು ಡ್ರೆಸ್ ಮೇಲೆ ಇವು ಯಾವುದೂ ಬೇಡ ಅನ್ನೋದು ನನ್ನ ಅಭಿಪ್ರಾಯ. ಸೇಫ್ಟಿ ಐ ಅನ್ನೋ ಪ್ಲಾಸ್ಟಿಕ್ ಕಣ್ಣನ್ನ ಹೆಸರಲ್ಲೇ ಸೇಫ್ಟಿ ಇದೆ ಅಂತ ನಂಬಬೇಡಿ, ಕ್ರೋಶಾ ಎಳೆದಾಗ ಕಿಂಡಿ ದೊಡ್ಡದಾಗಿ ಹಿಂದಿನ ವಾಷರ್ ಸಮೇತ ಕಣ್ಣು ಈಚೆ ಬಂದುಬಿಡತ್ತೆ. ಅಮೆರಿಕದಲ್ಲಿ 3 ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆ ಮಾಡೋ ಕೊಳವೆ 31.7 ಮಿ.ಮೀ. ಅಗಲ, ಅದರೊಳಗೆ ಪೂರ್ತಿ ಹೋಗಿಬಿಡೋ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಅಂತ ಲೆಕ್ಕ. ನಾವು ಹಾಕೋ ಗುಂಡಿ, ಕಣ್ಣು ಎಲ್ಲಾ ಅದರ ಅರ್ಧಾನೂ ಇರಲ್ಲ. ದಾರದಲ್ಲೇ ಕಸೂತಿ ಹಾಕಿ, ಇನ್ನೂ ಚೆಂದ ಬರತ್ತೆ. ಗಲ್ಲದ ಕೆಳಗೆ ಕಟ್ಟೋ ಲಾಡಿನೂ ಅಷ್ಟೇ. ಯೂರೋಪಿನ ಇಎನ್ 14682 ಅನ್ನೋ ಮಾನದಂಡದ ಪ್ರಕಾರ 7 ವರ್ಷದೊಳಗಿನ ಮಕ್ಕಳ ಬಟ್ಟೆಗೆ ಕತ್ತಿನ ಹತ್ರ, ತಲೆ ಮುಸುಕಿನ ಹತ್ರ ದಾರ ಇರೋ ಹಾಗಿಲ್ಲ. ಅಂಗಡಿಯಲ್ಲಿ ಮಾರೋ ಬಟ್ಟೆಗೆ ಅಷ್ಟು ಕಟ್ಟುನಿಟ್ಟು ಇರೋವಾಗ ನಾವು ಪ್ರೀತಿಯಿಂದ ಮಾಡೋದು ಅದಕ್ಕಿಂತ ಕಮ್ಮಿ ಆಗಬಾರ್ದು.

ಹಾಗಾದ್ರೆ ಡ್ರೆಸ್ ಹೇಗಿರಬೇಕು? ನಾನೀಗ ಮಾಡೋದು ತೊಡಿಸೋ ಡ್ರೆಸ್ಸೇ ಅಲ್ಲ, ಹೊದಿಸೋ ಡ್ರೆಸ್ಸು. ಆಮೆ ಅಂದ್ಕೊಳ್ಳಿ. ಮಗು ಹೊಟ್ಟೆ ಮೇಲೆ ಮಲಗಿರತ್ತೆ, ಬೆನ್ನ ಮೇಲೆ ಒಂದು ದುಂಡು ಚಿಪ್ಪು ಇಟ್ಟರೆ ಆಯ್ತು, ಫೋಟೋದಲ್ಲಿ ಪೂರ್ತಿ ಆಮೆಮರಿ. ಕೈಕಾಲು ಯಾವುದರ ಒಳಗೂ ಹೋಗಬೇಕಾಗಿಲ್ಲ, ಎತ್ತಿದ್ರೆ ತೆಗೆದ ಹಾಗೆ. ಚಿಪ್ಪು ಉಬ್ಬಿಬರಲಿ ಅಂತ ಹತ್ತಿ ತುಂಬಬೇಡಿ, ಉಸಿರಾಡೋ ಬೆನ್ನಿನ ಮೇಲೆ ಭಾರ ಬೇಡ, ಎರಡೆರಡು ಬಣ್ಣದಲ್ಲಿ ಆರು ಮೂಲೆಯ ತುಂಡು ಮಾಡಿ ಜೋಡಿಸಿದ್ರೆ ಚಪ್ಪಟೆ ಇದ್ದೂ ಚಿಪ್ಪಿನ ಹಾಗೇ ಕಾಣತ್ತೆ. ಮತ್ತೆ ಹೊಟ್ಟೆ ಮೇಲೆ ಮಲಗಿಸೋದು ಫೋಟೋ ಹೊತ್ತಲ್ಲಿ ಮಾತ್ರ, ಒಬ್ಬರು ಪಕ್ಕದಲ್ಲೇ ಕಣ್ಣಿಟ್ಟು ಕೂತಿರಬೇಕು, ನಿದ್ದೆಗೆ ಅಂತ ಮಲಗಿಸಬೇಕಾದ್ರೆ ಬೆನ್ನ ಮೇಲೇ. ಕರಡಿ ಬೇಕು ಅಂದ್ರೂ ಹಿಂದೆ ಪೂರ್ತಿ ತೆರೆದ ಹಾಗೆ ಮಾಡಿ, ಮುಂದೆ ಮಾತ್ರ ಡ್ರೆಸ್ ಇದ್ದು ಬೆನ್ನ ಕೆಳಗೆ ಸಿಕ್ಕಿಸಿದ್ರೆ ಯಾರಿಗೂ ಗೊತ್ತಾಗಲ್ಲ, ಗಂಟೂ ಬೆನ್ನಿಗೆ ಒತ್ತಲ್ಲ.

ತಲೆ ಮೇಲೆ ಹತ್ತಿ ತುಂಬಿದ ಕೊಂಬು, ಆನೆ ಸೊಂಡಿಲು ಇಡೋರಿಗೂ ಒಂದು ಮಾತು. ಮಗುಗೆ ಕತ್ತು ಸರಿಯಾಗಿ ನಿಲ್ಲೋಕೆ ಮೂರು ನಾಲ್ಕು ತಿಂಗಳು ಬೇಕು. ಅಲ್ಲಿವರೆಗೆ ಟೋಪಿ ಯಾವ ಕಡೆ ವಾಲತ್ತೋ ತಲೆ ಆ ಕಡೆ ವಾಲತ್ತೆ. ಗಲ್ಲಕ್ಕೆ ಎರಡೂ ಕೈ ಕೊಟ್ಟು ಮಗು ತಾನೇ ತಲೆ ಎತ್ತಿ ಕೂತ ಹಾಗೆ ಕಾಣೋ ಫೋಟೋ ಇದೆಯಲ್ಲ, ಕಪ್ಪೆ ಪೋಸ್ ಅಂತಾರೆ, ಅದನ್ನ ತಿಳಿದ ಫೋಟೋಗ್ರಾಫರ್‌ಗಳು ಎರಡು ಫೋಟೋ ಸೇರಿಸಿ ಮಾಡೋದು. ಒಂದರಲ್ಲಿ ತಲೆನ ಒಬ್ಬರು ಹಿಡಿದಿರ್ತಾರೆ, ಇನ್ನೊಂದರಲ್ಲಿ ಕೈನ ಹಿಡಿದಿರ್ತಾರೆ, ಆಮೇಲೆ ಹಿಡಿದ ಕೈ ಅಳಿಸ್ತಾರೆ. ಇದು ಗೊತ್ತಿಲ್ಲದೆ ಮನೇಲಿ ಮೊಬೈಲ್ ಹಿಡ್ಕೊಂಡು ದೊಡ್ಡ ಟೋಪಿ ಹಾಕಿ ಆ ಪೋಸ್ ಪ್ರಯತ್ನ ಮಾಡಬೇಡಿ, ಕೈ ಮುಗಿದು ಕೇಳ್ಕೊಳ್ತೀನಿ.

ಶೆಕೆ ವಿಷಯಾನೂ ಮರೀಬಾರ್ದು. ಬರಿಮೈ ಮಗುಗೆ ಚಳಿ ಆಗದಿರಲಿ ಅಂತ ಸ್ಟುಡಿಯೋನ ಬೆಚ್ಚಗೆ ಇಟ್ಟಿರ್ತಾರೆ. ಆ ಬಿಸೀಲಿ ಉಲ್ಲನ್ ಟೋಪಿ, ಉಲ್ಲನ್ ಡ್ರೆಸ್. ಮಗುಗೆ ತನ್ನ ಮೈ ಬಿಸಿ ನಿಭಾಯಿಸೋಕೆ ಇನ್ನೂ ಬರಲ್ಲ, ತಲೆ ಮುಚ್ಚಿದ್ರೆ ಬಿಸಿ ಹೋಗೋ ದಾರಿನೇ ಮುಚ್ಚಿದ ಹಾಗೆ. ನಾಲ್ಕು ಫೋಟೋ, ಟೋಪಿ ತೆಗಿ, ಕತ್ತಿನ ಹಿಂದೆ ಕೈ ಇಟ್ಟು ನೋಡು, ಒದ್ದೆ ಇದ್ರೆ ಅವತ್ತಿಗೆ ಸಾಕು.

"ಒಂದು ಗಂಟೆ ಶೂಟ್‌ಗೆ ಇಷ್ಟೆಲ್ಲಾ ಯಾಕೆ" ಅಂತ ಕೇಳೋರು ಇದ್ದಾರೆ. ನನಗೆ ಆ ಪ್ರಶ್ನೆ ಅರ್ಥಾನೇ ಆಗಲ್ಲ. ಅಂಗಡಿಗೆ ಬರೋ ನಿಜವಾದ ಕ್ರೋಶಾನ ಇವತ್ತಿಗೂ ಮಷೀನ್ ಮಾಡಲ್ಲ, ಜಗತ್ತಲ್ಲಿರೋ ಹೆಚ್ಚುಕಮ್ಮಿ ಪ್ರತಿ ಕ್ರೋಶಾ ಸ್ಟಿಚ್ಚನ್ನೂ ಯಾರೋ ಒಬ್ಬರು ಕೂತು ಕೈಯಲ್ಲಿ ಹಾಕಿರ್ತಾರೆ. ಅಷ್ಟು ಕೆಲಸ ಹೇಗೂ ಮಾಡ್ತೀವಿ, ಅದರಲ್ಲಿ ಒಂದು ಪಾಲು ಕಿವಿ, ಬಾಲಕ್ಕೆ ಹೋಗೋ ಬದಲು ಒಳಗಿನ ಮೈಗೆ ಹೋಗಲಿ ಅಂತ ನಾನು ಕೇಳ್ತಿರೋದು. ಮತ್ತೆ ಮಗುಗೆ ಆರಾಮಿದ್ರೆ ಮುಖದಲ್ಲಿ ಬರತ್ತೆ ಅದು, ಹುಬ್ಬು ಸಡಿಲ ಆಗಿರತ್ತೆ, ತುಟಿ ಒಂಚೂರು ತೆರೆದಿರತ್ತೆ. ಅವತ್ತು ತಂಗಿ ಮಗಳ ಡ್ರೆಸ್ ತೆಗೆದ ಮೇಲೆ, ಹಾಲು ಕುಡಿದು, ತಂಗಿ ತೋಳಲ್ಲಿ ಬರಿಮೈಯಲ್ಲಿ ಮಲಗಿದಾಗ ತೆಗೆದ ಫೋಟೋನೇ ಈಗ ಅವರ ಮನೆ ಗೋಡೆ ಮೇಲಿರೋದು. ಹಣೆ ಮೇಲೆ ಆ ಗೆರೆ ಇನ್ನೂ ಕಾಣತ್ತೆ. ಎಡಿಟ್ ಮಾಡಿ ತೆಗೀತೀನಿ ಅಂದ್ರಂತೆ ಫೋಟೋಗ್ರಾಫರ್, ಇವಳು ಬೇಡ ಅಂದಿದ್ದಾಳೆ.

ಈಗ ಇನ್ನೊಂದು ಆಮೆ ಹೆಣೀತಿದ್ದೀನಿ, ಗೆಳತಿ ಮಗುಗೆ. ಚಿಪ್ಪು ಮುಗೀತು, ತುದಿಗಳನ್ನೆಲ್ಲಾ ಮೂರು ಮೂರು ಸಲ ನುಗ್ಗಿಸಿದ್ದೀನಿ, ಟೋಪಿಗೆ ನಾಲ್ಕು ರೌಂಡ್ ಆಗಿದೆ, 24 ಸ್ಟಿಚ್ಚಿಗೆ ನಿಲ್ಲಿಸಿದ್ದೀನಿ. ಮಗು ಹುಟ್ಟಿ ಇವತ್ತಿಗೆ ಆರು ದಿನ. ತಲೆ ಅಳತೆ ನಾಳೆ ಕಳಿಸ್ತೀನಿ ಅಂದಿದ್ದಾಳೆ, ಅದು ಬಂದ ಮೇಲೆ ಐದನೇ ರೌಂಡ್.