ಫಾರ್ಮ್ ಹೋಯ್ತು ಅನ್ನೋ ಮುಂಚೆ ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ ನೋಡಿ

[ಸ್ಕ್ರೀನ್ ಮೇಲೆ: ಪೆನಾಲ್ಟಿ ಬಾಕ್ಸ್‌ನ ಚಿತ್ರ, ಒಬ್ಬ ಸ್ಟ್ರೈಕರ್, ಖಾಲಿ ಗೋಲ್]

2011, ಸೆಪ್ಟೆಂಬರ್ 18. ಓಲ್ಡ್ ಟ್ರಾಫರ್ಡ್. ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಚೆಲ್ಸಿ ಮ್ಯಾಚ್. ಮುಗಿಯೋಕೆ ಇನ್ನು ಏಳೆಂಟು ನಿಮಿಷ ಇದೆ. ಚೆಲ್ಸಿ ಸ್ಟ್ರೈಕರ್ ಫರ್ನಾಂಡೊ ಟೊರೆಸ್ ಚೆಂಡು ತಗೊಂಡು ಒಳಗೆ ನುಗ್ಗುತ್ತಾನೆ. ಗೋಲ್‌ಕೀಪರ್ ಡಿ ಹಿಯಾ ಮುಂದೆ ಬರುತ್ತಾನೆ. ಟೊರೆಸ್ ಅವನನ್ನು ಒಂದು ಕಡೆ ಕಳಿಸಿ ಇನ್ನೊಂದು ಕಡೆಯಿಂದ ದಾಟಿಬಿಡುತ್ತಾನೆ. ಎದುರಿಗೆ ಖಾಲಿ ಗೋಲ್. ಸುಮ್ನೆ ತಳ್ಳಿದರೆ ಸಾಕು. ಎಡಗಾಲಿನಿಂದ ತಳ್ಳುತ್ತಾನೆ, ಚೆಂಡು ಕಂಬದ ಹೊರಗೆ ಹೋಗುತ್ತದೆ.

ಈ ಕ್ಲಿಪ್ ನೋಡದೇ ಇರೋ ಫುಟ್‌ಬಾಲ್ ಅಭಿಮಾನಿ ಇಲ್ಲ. ಆದರೆ ಅದೇ ಮ್ಯಾಚ್‌ನಲ್ಲಿ, ಸೆಕೆಂಡ್ ಹಾಫ್ ಶುರುವಾದ ಕೂಡಲೇ, ಇದೇ ಟೊರೆಸ್ ಇದೇ ಡಿ ಹಿಯಾ ಮೇಲಿಂದ ಚೆಂಡನ್ನು ಮೆಲ್ಲಗೆ ಎತ್ತಿ ಒಂದು ಚೆಂದದ ಗೋಲ್ ಹೊಡೆದಿದ್ದ. ಅದು ಎಷ್ಟು ಜನಕ್ಕೆ ನೆನಪಿದೆ?

ನನಗೆ ಬೇಜಾರಾಗೋದು ಇಲ್ಲೇ. ಒಬ್ಬ ಆಟಗಾರನ ಬಗ್ಗೆ "ಫಾರ್ಮ್ ಹೋಯ್ತು, ಮುಗೀತು" ಅಂತ ಹೇಳೋಕೆ ನಮಗೆ ಒಂದು ಶಾಟ್ ಸಾಕು. ಆ ಶಾಟ್‌ಗೆ ಮುಂಚಿನ ಹತ್ತು ಸೆಕೆಂಡ್ ಯಾರೂ ನೋಡಲ್ಲ. ಚೆಂಡು ಅವನ ಹತ್ತಿರ ಹೇಗೆ ಬಂತು, ಎಲ್ಲಿ ಬಂತು, ಬಂದಾಗ ಅವನ ಮುಖ ಯಾವ ಕಡೆ ಇತ್ತು? ನನ್ನ ಪ್ರಕಾರ ನಾವು ಫಾರ್ಮ್ ಅಂತ ಕರೆಯೋದರಲ್ಲಿ ಅರ್ಧಕ್ಕಿಂತ ಜಾಸ್ತಿ ಇರೋದು ಆ ಹತ್ತು ಸೆಕೆಂಡ್‌ನಲ್ಲಿ. ಇವತ್ತಿನ ವಿಡಿಯೋ ಪೂರ್ತಿ ಅದರ ಬಗ್ಗೆನೇ.

ಮೊದಲು ಟೊರೆಸ್ ಕಥೆ ಮುಗಿಸೋಣ. ಲಿವರ್‌ಪೂಲ್‌ನಲ್ಲಿ ಅವನು 102 ಲೀಗ್ ಮ್ಯಾಚ್ ಆಡಿ 65 ಗೋಲ್ ಹೊಡೆದ. 2011ರ ಜನವರಿ ಕೊನೆಯ ದಿನ 5 ಕೋಟಿ ಪೌಂಡ್ ಕೊಟ್ಟು ಚೆಲ್ಸಿ ಅವನನ್ನು ತಗೊಂಡಿತು. ಆಗ ಅದು ಬ್ರಿಟನ್‌ನಲ್ಲಿ ದಾಖಲೆಯ ಮೊತ್ತ. ಆ ಸೀಸನ್ ಮುಗಿಯೋ ತನಕ ಚೆಲ್ಸಿಗೆ ಅವನು ಹೊಡೆದಿದ್ದು ಒಂದೇ ಒಂದು ಗೋಲ್. ಒಟ್ಟು ಲೆಕ್ಕ ಹಾಕಿದರೆ ಚೆಲ್ಸಿಗೆ 110 ಲೀಗ್ ಮ್ಯಾಚ್‌ನಲ್ಲಿ 20. ಅದೇ ಮನುಷ್ಯ, ಅದೇ ಕಾಲು.

ಅದೇ ಕಾಲು ಅಂದೆ, ಅದು ಪೂರ್ತಿ ನಿಜ ಅಲ್ಲ. 2010ರಲ್ಲಿ ಅವನ ಮೊಣಕಾಲಿಗೆ ಆಪರೇಷನ್ ಆಗಿತ್ತು, ಮೊದಲಿನ ಆ ಬಿರುಸು ವಾಪಸ್ ಬರಲಿಲ್ಲ. ಅದನ್ನು ಮರೆಯಬಾರದು. ಆದರೆ ಅದೊಂದೇ ಕಾರಣ ಅಂದರೆ ನಾನು ಒಪ್ಪಲ್ಲ. ಲಿವರ್‌ಪೂಲ್‌ನಲ್ಲಿ ಟೊರೆಸ್ ಹಿಂದೆ ಮಿಡ್‌ಫೀಲ್ಡರ್ ಸ್ಟೀವನ್ ಜೆರಾರ್ಡ್ ಇದ್ದ. ಎದುರಾಳಿಯಿಂದ ಚೆಂಡು ಕಿತ್ತುಕೊಂಡ ಕೂಡಲೇ ಜೆರಾರ್ಡ್ ತಲೆ ಎತ್ತುತ್ತಿದ್ದ, ಅವನು ತಲೆ ಎತ್ತೋ ಹೊತ್ತಿಗೆ ಟೊರೆಸ್ ಆಗಲೇ ಓಟ ಶುರು ಮಾಡಿರುತ್ತಿದ್ದ, ಡಿಫೆಂಡರ್‌ಗಳ ಬೆನ್ನ ಹಿಂದೆ ಇರೋ ಖಾಲಿ ಜಾಗಕ್ಕೆ ಚೆಂಡು ಬೀಳುತ್ತಿತ್ತು, ಇವನು ಮುಖ ಗೋಲ್ ಕಡೆ ಮಾಡಿಕೊಂಡೇ ಚೆಂಡು ಮುಟ್ಟುತ್ತಿದ್ದ. ಚೆಲ್ಸಿ ಆಡುತ್ತಿದ್ದದ್ದು ಬೇರೆ ಥರ. ಚೆಂಡು ನಿಧಾನವಾಗಿ ಮುಂದೆ ಬರುತ್ತಿತ್ತು. ಅಷ್ಟರಲ್ಲಿ ಎದುರಾಳಿಗಳು ಹಿಂದೆ ಬಂದು ಗೋಡೆ ಕಟ್ಟಿರುತ್ತಿದ್ದರು. ಓಡೋಕೆ ಜಾಗ ಎಲ್ಲಿ? ಪಾಸ್ ಕಾಲಿಗೆ ಬರುತ್ತಿತ್ತು, ಗೋಲ್‌ಗೆ ಬೆನ್ನು ಹಾಕಿ ನಿಂತು ಅದನ್ನು ಹಿಡಿಯಬೇಕಿತ್ತು. ಅದು ಚೆಲ್ಸಿಯ ಇನ್ನೊಬ್ಬ ಸ್ಟ್ರೈಕರ್ ದ್ರೋಗ್ಬಾ ಕೆಲಸ, ಟೊರೆಸ್ ಕೆಲಸ ಅಲ್ಲ. ಓಡೋ ಕುದುರೆಯನ್ನು ತಂದು ಗಾಣಕ್ಕೆ ಕಟ್ಟಿದ ಹಾಗೆ.

[ಸ್ಕ್ರೀನ್ ಮೇಲೆ: "ಗೋಲ್ ಇಲ್ಲ" ಮತ್ತು "ಚಾನ್ಸ್ ಇಲ್ಲ" ಅನ್ನೋ ಎರಡು ಪದಗಳು ಅಕ್ಕಪಕ್ಕ]

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ಗೋಲ್ ಬರ್ತಿಲ್ಲ ಅನ್ನೋದು ಒಂದು, ಚಾನ್ಸೇ ಬರ್ತಿಲ್ಲ ಅನ್ನೋದು ಇನ್ನೊಂದು. ಎಕ್ಸ್‌ಜಿ ಅಂತ ಕೇಳಿರುತ್ತೀರಿ, ಎಕ್ಸ್‌ಪೆಕ್ಟೆಡ್ ಗೋಲ್ಸ್. ಒಂದು ಶಾಟ್ ಹೊಡೆದ ಜಾಗ, ಕೋನ, ಕಾಲಿನಿಂದಲೋ ತಲೆಯಿಂದಲೋ, ಇದನ್ನೆಲ್ಲ ನೋಡಿ, ಹಿಂದೆ ಇಂಥದ್ದೇ ಶಾಟ್‌ಗಳಲ್ಲಿ ಎಷ್ಟು ಗೋಲ್ ಆಗಿವೆ ಅಂತ ಕೊಡೋ ಅಂಕಿ ಅದು. ಪೆನಾಲ್ಟಿಗೆ ಸುಮಾರು 0.76ರಿಂದ 0.79 ಇರುತ್ತದೆ, ಅಂದರೆ ನೂರು ಹೊಡೆದರೆ ಎಪ್ಪತ್ತೈದಕ್ಕಿಂತ ಸ್ವಲ್ಪ ಜಾಸ್ತಿ ಒಳಗೆ ಹೋಗುತ್ತವೆ. ಐದಾರು ಮ್ಯಾಚ್‌ನಿಂದ ಗೋಲ್ ಇಲ್ಲ, ಆದರೆ ಎಕ್ಸ್‌ಜಿ ಚೆನ್ನಾಗಿ ಏರುತ್ತಾ ಇದೆ ಅಂದರೆ ಆ ಸ್ಟ್ರೈಕರ್ ಬಗ್ಗೆ ನನಗೆ ಚಿಂತೆ ಇಲ್ಲ. 2024ರ ಜನವರಿ 31ರಂದು ಲಿವರ್‌ಪೂಲ್ ಸ್ಟ್ರೈಕರ್ ಡಾರ್ವಿನ್ ನೂನ್ಯೆಸ್ ಚೆಲ್ಸಿ ವಿರುದ್ಧ ಒಂದೇ ಮ್ಯಾಚ್‌ನಲ್ಲಿ ನಾಲ್ಕು ಸಲ ಗೋಲ್ ಚೌಕಟ್ಟಿಗೆ ಹೊಡೆದ, ಅದರಲ್ಲಿ ಒಂದು ಪೆನಾಲ್ಟಿ. ನಾಲ್ಕು ಸಲ! ಅವತ್ತು ಲಿವರ್‌ಪೂಲ್ 4-1ರಿಂದ ಗೆದ್ದಿತು. ಅವನನ್ನು ಬೈದವರು ತುಂಬಾ ಜನ. ಆದರೆ ಅಷ್ಟು ಸಲ ಸರಿಯಾದ ಜಾಗಕ್ಕೆ ಬಂದು ನಿಲ್ಲೋ ಆಟಗಾರ ಟೀಮಿಗೆ ಬೇಕೇ ಬೇಕು. ನನಗೆ ಭಯ ಆಗೋದು ತೊಂಬತ್ತು ನಿಮಿಷ ಆಡಿ ಒಂದೂ ಶಾಟ್ ಹೊಡೆಯದವನನ್ನು ನೋಡಿದಾಗ. ಆಗ ನಾನು ಅವನ ಕಾಲು ನೋಡಲ್ಲ, ಇಡೀ ಟೀಮ್ ನೋಡುತ್ತೇನೆ.

ಸರಿ, ಟೀಮ್ ಬದಲಾದರೆ ಫಾರ್ಮ್ ಬದಲಾಗುತ್ತಾ? ನನಗೆ ತುಂಬಾ ಇಷ್ಟವಾದ ಉದಾಹರಣೆ ಚೆಲ್ಸಿಯ ಈಡನ್ ಹಜಾರ್ಡ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

2014-15ರಲ್ಲಿ ಚೆಲ್ಸಿ ಚಾಂಪಿಯನ್, ಹಜಾರ್ಡ್ ಇಂಗ್ಲೆಂಡಿನ ವರ್ಷದ ಆಟಗಾರ. ಮುಂದಿನ ಸೀಸನ್ ಎಲ್ಲಾ ಕುಸಿದುಬಿತ್ತು. ಡಿಸೆಂಬರ್‌ನಲ್ಲಿ ಕೋಚ್ ಮೊರಿನ್ಹೊ ಹೊರಗೆ, ಸೀಸನ್ ಕೊನೆಗೆ ಟೀಮ್ ಹತ್ತನೇ ಸ್ಥಾನದಲ್ಲಿ. ಹಜಾರ್ಡ್‌ಗೆ ಏಪ್ರಿಲ್ ಕೊನೆಯ ಹತ್ತು ದಿನ ಬರೋವರೆಗೆ ಲೀಗ್‌ನಲ್ಲಿ ಒಂದೂ ಗೋಲ್ ಇಲ್ಲ. ಗಾಯದ ಕಾಟವೂ ಇತ್ತು. ಸೀಸನ್ ಮುಗಿದಾಗ ಲೀಗ್ ಗೋಲ್ ನಾಲ್ಕು. ದುಡ್ಡು ಜಾಸ್ತಿಯಾಯ್ತು, ಆಸೆ ಹೋಯ್ತು ಅಂತೆಲ್ಲ ಜನ ಮಾತಾಡಿದರು.

[ಸ್ಕ್ರೀನ್ ಮೇಲೆ: ಹಲಗೆ, ನೀಲಿ ಮತ್ತು ಕೆಂಪು ಗುಂಡುಗಳು. ಮೊದಲು ನಾಲ್ಕು ಡಿಫೆಂಡರ್, ಆಮೇಲೆ ಮೂರು]

2016ರ ಸೆಪ್ಟೆಂಬರ್ 24. ಹೊಸ ಕೋಚ್ ಆಂಟೋನಿಯೊ ಕಾಂಟೆ. ಆರ್ಸೆನಲ್ ಮೈದಾನದಲ್ಲಿ ಫಸ್ಟ್ ಹಾಫ್‌ನಲ್ಲೇ ಚೆಲ್ಸಿ 3-0 ಹಿಂದೆ. ಸೆಕೆಂಡ್ ಹಾಫ್‌ನಲ್ಲಿ ಕಾಂಟೆ ಫ್ಯಾಬ್ರೆಗಾಸ್‌ನನ್ನು ಹೊರಗೆ ಕರೆದು ಮಾರ್ಕೋಸ್ ಅಲೊನ್ಸೊನನ್ನು ಇಳಿಸಿ ಹಿಂದೆ ಮೂವರನ್ನು ನಿಲ್ಲಿಸಿದ. ಆ ಮ್ಯಾಚ್ ಸೋತರು. ಆದರೆ ಮುಂದಿನ ಮ್ಯಾಚ್‌ನಿಂದ 3-4-3, ಅಂದರೆ ಹಿಂದೆ ಮೂವರು, ನಡುವೆ ನಾಲ್ವರು, ಮುಂದೆ ಮೂವರು, ಕಾಯಂ ಆಯ್ತು, ಲೀಗ್‌ನಲ್ಲಿ ಸತತ 13 ಗೆಲುವು ಬಂತು.

ಹಜಾರ್ಡ್‌ಗೆ ಇದರಿಂದ ಏನಾಯ್ತು ಅಂತ ನೋಡಿ. ಹಳೇ ಆಟದಲ್ಲಿ ಅವನು ಎಡಗಡೆ ಗೆರೆ ಹತ್ತಿರ ನಿಲ್ಲಬೇಕಿತ್ತು. ಎದುರಾಳಿಯ ರೈಟ್ ಬ್ಯಾಕ್, ಅಂದರೆ ಬಲ ಅಂಚಿನ ಡಿಫೆಂಡರ್, ಮುಂದೆ ಓಡಿದರೆ ಇವನು ಅವನ ಹಿಂದೆ ಓಡಬೇಕಿತ್ತು, ಅದನ್ನು ಸರಿಯಾಗಿ ಮಾಡಲ್ಲ ಅಂತಲೇ 2015ರ ಅಕ್ಟೋಬರ್‌ನಲ್ಲಿ ಮೊರಿನ್ಹೊ ಅವನನ್ನು ಬೆಂಚ್ ಮೇಲೆ ಕೂರಿಸಿದ್ದ. ಹೊಸ ಆಟದಲ್ಲಿ ಗೆರೆ ಹತ್ತಿರದ ಜಾಗ ಪೂರ್ತಿ ಅಲೊನ್ಸೊದು. ಹಿಂದೆ ಓಡೋದೂ ಅವನೇ, ಮುಂದೆ ಹೋಗೋದೂ ಅವನೇ. ಹಜಾರ್ಡ್ ಹತ್ತು ಹನ್ನೆರಡು ಹೆಜ್ಜೆ ಒಳಗೆ ಬಂದ. ಅಂಚಿನ ಡಿಫೆಂಡರ್ (ಫುಲ್‌ಬ್ಯಾಕ್) ಮತ್ತು ನಡುವಿನ ಡಿಫೆಂಡರ್ (ಸೆಂಟರ್ ಬ್ಯಾಕ್) ಮಧ್ಯದ ಆ ಸಂದಿಗೆ ಹಾಫ್ ಸ್ಪೇಸ್ ಅಂತಾರೆ.

ಈಗ ಎದುರಾಳಿ ರೈಟ್ ಬ್ಯಾಕ್ ಜಾಗದಲ್ಲಿ ನೀವು ನಿಂತುಕೊಳ್ಳಿ. ಹೊರಗೆ ಅಲೊನ್ಸೊ ಓಡಿ ಬರುತ್ತಿದ್ದಾನೆ. ಒಳಗೆ ಹಜಾರ್ಡ್ ಚೆಂಡು ಕೇಳುತ್ತಿದ್ದಾನೆ. ಅಲೊನ್ಸೊ ಕಡೆ ಹೋದರೆ ಹಜಾರ್ಡ್ ತಿರುಗಿ ಗೋಲ್ ಕಡೆ ಮುಖ ಮಾಡುತ್ತಾನೆ. ಹಜಾರ್ಡ್ ಹತ್ತಿರ ಬಂದರೆ ಅಲೊನ್ಸೊಗೆ ಇಡೀ ಅಂಚು ಖಾಲಿ. ಅತ್ತ ದರಿ, ಇತ್ತ ಪುಲಿ. ಸೆಂಟರ್ ಬ್ಯಾಕ್ ಸಹಾಯಕ್ಕೆ ಬರೋಣ ಅಂದರೆ ಚೆಲ್ಸಿ ಸ್ಟ್ರೈಕರ್ ಡಿಯೆಗೊ ಕೋಸ್ಟಾ ಅವನಿಗೆ ಅಂಟಿಕೊಂಡೇ ನಿಂತಿದ್ದಾನೆ. ಆ ರೈಟ್ ಬ್ಯಾಕ್ ಅರ್ಧ ಸೆಕೆಂಡ್ ಯೋಚನೆ ಮಾಡಿದರೆ ಸಾಕು, ಹಜಾರ್ಡ್‌ಗೆ ಬೇಕಾಗಿದ್ದು ಆ ಅರ್ಧ ಸೆಕೆಂಡೇ.

ಆ ಸೀಸನ್ ಅವನಿಗೆ 16 ಲೀಗ್ ಗೋಲ್. ಚೆಲ್ಸಿ 93 ಪಾಯಿಂಟ್ ತಗೊಂಡು ಚಾಂಪಿಯನ್ ಆಯ್ತು. ವಿಕ್ಟರ್ ಮೋಸೆಸ್ ವಿಷಯ ಬಿಟ್ಟರೆ ನನಗೆ ಸಮಾಧಾನ ಇರಲ್ಲ. ಮೂರು ಸೀಸನ್ ಲಿವರ್‌ಪೂಲ್, ಸ್ಟೋಕ್, ವೆಸ್ಟ್ ಹ್ಯಾಮ್ ಅಂತ ಲೋನ್ ಮೇಲೆ ಅಲೆದವನು, ಅಲೊನ್ಸೊ ಎಡಗಡೆ ಮಾಡಿದ ಕೆಲಸವನ್ನೇ ಬಲಗಡೆ ಮಾಡೋ ವಿಂಗ್‌ಬ್ಯಾಕ್ ಆಗಿ ಆ ಟೀಮಿನ ಒಂದು ಕಂಬವೇ ಆಗಿಬಿಟ್ಟ. ಅವನಿಗೆ ಹೊಸದಾಗಿ ಆಟ ಬರಲಿಲ್ಲ, ಅವನ ಆಟಕ್ಕೆ ಸರಿಯಾದ ಜಾಗ ಸಿಕ್ಕಿತು.

ಇದೇ ಚೆಲ್ಸಿ ಮಿಡ್‌ಫೀಲ್ಡ್‌ನಲ್ಲಿ ಆ ವರ್ಷ ಹೊಸದಾಗಿ ಬಂದಿದ್ದವನು ಎನ್ಗೊಲೊ ಕಾಂಟೆ. ಕೋಚ್ ಹೆಸರೂ ಇವನ ಹೆಸರೂ ಒಂದೇ ಥರ ಕೇಳುತ್ತೆ, ಗೊಂದಲ ಬೇಡ, ಇವನನ್ನು ಎನ್ಗೊಲೊ ಅಂತಲೇ ಕರೆಯೋಣ. ಅವನು ಬಂದಿದ್ದು ಲೆಸ್ಟರ್‌ನಿಂದ. 2015-16ರಲ್ಲಿ ಲೆಸ್ಟರ್ 81 ಪಾಯಿಂಟ್ ತಗೊಂಡು ಲೀಗ್ ಗೆದ್ದಾಗ ಎಲ್ಲರ ಬಾಯಲ್ಲೂ ಅವರ ಗೋಲ್ ಹೊಡೆಯೋ ಜೋಡಿ ವಾರ್ಡಿ, ಮಹ್ರೆಜ್. ತಪ್ಪಿಲ್ಲ, ವಾರ್ಡಿ ಸತತ 11 ಲೀಗ್ ಮ್ಯಾಚ್‌ನಲ್ಲಿ ಗೋಲ್ ಹೊಡೆದಿದ್ದ. ಆದರೆ ಚೆಂಡು ಕಿತ್ತು ಕೊಡುತ್ತಿದ್ದವನು ಎಲೆಮರೆಯ ಕಾಯಿ ಹಾಗೆ ಇದ್ದ ಈ ಎನ್ಗೊಲೊ. ಅವನು ಹೋದ ಮೇಲೆ ವಾರ್ಡಿ ಲೀಗ್ ಗೋಲ್ 24ರಿಂದ 13ಕ್ಕೆ ಇಳಿಯಿತು, ಮಹ್ರೆಜ್‌ದು 17ರಿಂದ 6ಕ್ಕೆ. ಲೆಸ್ಟರ್ 12ನೇ ಸ್ಥಾನ. ಇಬ್ಬರಿಗೂ ಒಟ್ಟಿಗೆ ಫಾರ್ಮ್ ಹೋಯ್ತಾ? ಒಂದು ಕಡೆ ಚೆಂಡು ಕಿತ್ತುಕೊಡೋನು ಇಲ್ಲ. ಇನ್ನೊಂದು ಕಡೆ ಚಾಂಪಿಯನ್ ಅಂತ ಹೆಸರು ಬಂದ ಮೇಲೆ ಎದುರಾಳಿಗಳು ಮುಂದೆ ಬರೋದು ಕಡಿಮೆ ಮಾಡಿದರು, ವಾರ್ಡಿ ಓಡುತ್ತಿದ್ದ ಜಾಗ ಮುಚ್ಚಿಹೋಯ್ತು.

ಹಾಗಂತ ಎಲ್ಲಾ ತಪ್ಪನ್ನೂ ಕೋಚ್ ತಲೆಗೆ ಕಟ್ಟೋಕೆ ನಾನು ಬಂದಿಲ್ಲ. ನಿಜವಾಗಲೂ ಫಾರ್ಮ್ ಹೋಗುತ್ತದೆ. ಅದು ಮಿಸ್ ಆದ ಶಾಟ್‌ನಲ್ಲಿ ಕಾಣಲ್ಲ, ಅದಕ್ಕೆ ಮುಂಚೆ ಕಾಣುತ್ತದೆ. ಒಂದೇ ಟಚ್‌ನಲ್ಲಿ ಹೊಡೆಯುತ್ತಿದ್ದವನು ಎರಡು ಟಚ್ ತಗೊಳ್ಳುತ್ತಾನೆ. ಮುಂದೆ ಪಾಸ್ ಇದ್ದರೂ ಹಿಂದಕ್ಕೆ ಕೊಡುತ್ತಾನೆ. ಎಲ್ಲಕ್ಕಿಂತ ಕೆಟ್ಟದ್ದು, ಚೆಂಡು ಕೇಳೋದನ್ನೇ ನಿಲ್ಲಿಸುತ್ತಾನೆ, ಡಿಫೆಂಡರ್ ಬೆನ್ನ ಹಿಂದೆ ಹೋಗಿ ಅಡಗಿಕೊಂಡ ಹಾಗೆ ನಿಲ್ಲುತ್ತಾನೆ. ಅಂಥವನಿಗೆ ಬೆಂಚ್ ಮೇಲೆ ಎರಡು ವಾರ ಕೂರೋದೇ ಒಳ್ಳೆಯದು, ಅದು ಶಿಕ್ಷೆ ಅಲ್ಲ.

ನಾನು ಒಂದು ಕೆಲಸ ಮಾಡುತ್ತೇನೆ, ನೀವೂ ಮಾಡಿ ನೋಡಿ. ಮ್ಯಾಚ್‌ನಲ್ಲಿ ಹತ್ತು ನಿಮಿಷ ಚೆಂಡು ಮರೆತುಬಿಡಿ. ಒಬ್ಬನೇ ಆಟಗಾರನನ್ನು ನೋಡಿ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆನೇ ಹೋಗುತ್ತದೆ, ಅದಕ್ಕೆ ಕಷ್ಟ, ಆದರೂ ಸ್ಕ್ರೀನ್‌ನಲ್ಲಿ ಕಂಡಷ್ಟು ಹೊತ್ತು ನೋಡಿ. ಎಷ್ಟು ಸಲ ಓಡಿದ, ಅದರಲ್ಲಿ ಎಷ್ಟು ಸಲ ಚೆಂಡು ಬಂತು, ಒಂದು ಚೀಟಿಯಲ್ಲಿ ಗೆರೆ ಎಳೆಯಿರಿ. ಏಳು ಸಲ ಓಡಿ ಒಂದು ಸಲ ಚೆಂಡು ಸಿಕ್ಕಿದರೆ ಪ್ರಶ್ನೆ ಕೇಳಬೇಕಾಗಿದ್ದು ಅವನನ್ನಲ್ಲ.

[ಸ್ಕ್ರೀನ್ ಮೇಲೆ: ಬಿಳಿ ಜೆರ್ಸಿಯ ಎರಡು ಗುಂಡುಗಳು, ಒಂದು ಎಡಕ್ಕೆ ಸರಿಯುತ್ತದೆ, ಇನ್ನೊಂದು ನಡುವೆ ನುಗ್ಗುತ್ತದೆ]

ನಾನು ಹೀಗೆ ನೋಡೋಕೆ ಶುರು ಮಾಡಿದ್ದು ಕರೀಮ್ ಬೆಂಜೆಮಾನಿಂದ. 2017-18ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಅವನು ಲೀಗ್‌ನಲ್ಲಿ ಹೊಡೆದಿದ್ದು ಬರೀ 5 ಗೋಲ್. ಸ್ವಂತ ಮೈದಾನದಲ್ಲೇ ಜನ ಸೀಟಿ ಹೊಡೆದು ಸಿಟ್ಟು ತೋರಿಸುತ್ತಿದ್ದರು. ಹೆಸರಿಗೆ ಸ್ಟ್ರೈಕರ್, ಆದರೆ ಅವನ ಓಟ ನೋಡಿದರೆ ಗೋಲ್‌ನಿಂದ ದೂರ. ಎಡಕ್ಕೆ ಹೋಗುತ್ತಿದ್ದ, ಕೆಳಗೆ ಇಳಿಯುತ್ತಿದ್ದ, ಹೋಗುವಾಗ ಒಬ್ಬ ಸೆಂಟರ್ ಬ್ಯಾಕ್‌ನನ್ನು ಜೊತೆಗೆ ಎಳೆದುಕೊಂಡು ಹೋಗುತ್ತಿದ್ದ. ಅವನು ಬಿಟ್ಟ ಜಾಗಕ್ಕೆ ರೊನಾಲ್ಡೊ ನುಗ್ಗುತ್ತಿದ್ದ. ಆ ಸೀಸನ್ ರೊನಾಲ್ಡೊ ಲೀಗ್ ಗೋಲ್ 26. ಟೀಮ್ ಯುರೋಪಿನ ದೊಡ್ಡ ಕ್ಲಬ್ ಟೂರ್ನಿ ಚಾಂಪಿಯನ್ಸ್ ಲೀಗನ್ನು ಸತತ ಮೂರನೇ ಸಲ ಗೆದ್ದಿತು.

2018ರಲ್ಲಿ ರೊನಾಲ್ಡೊ ಯುವೆಂಟಸ್‌ಗೆ ಹೋದ. ಜಾಗ ಮಾಡಿಕೊಡೋ ಕೆಲಸ ಮುಗಿಯಿತು, ಇನ್ನು ಬೆಂಜೆಮಾನೇ ಬಾಕ್ಸ್‌ನಲ್ಲಿ ಇರಬೇಕು. ಮುಂದಿನ ಸೀಸನ್‌ನಲ್ಲೇ ಲೀಗ್‌ನಲ್ಲಿ 21 ಗೋಲ್. 2021-22ರಲ್ಲಿ ಲೀಗ್‌ನಲ್ಲಿ 27, ಚಾಂಪಿಯನ್ಸ್ ಲೀಗ್‌ನಲ್ಲಿ 15, ಆಮೇಲೆ 34ನೇ ವಯಸ್ಸಿನಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡೋ ಬ್ಯಾಲನ್ ಡಿ'ಓರ್. ಸಾಧ್ಯ ಆದರೆ ಆ ಐದು ಗೋಲಿನ ಸೀಸನ್‌ನ ಯಾವುದಾದರೂ ಒಂದು ಮ್ಯಾಚ್ ಹುಡುಕಿ ಪೂರ್ತಿ ನೋಡಿ. ರೊನಾಲ್ಡೊ ಗೋಲ್ ಹೊಡೆದಾಗ ನಿಲ್ಲಿಸಿ, ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ, ಬೆಂಜೆಮಾ ಎಲ್ಲಿದ್ದಾನೆ ಅಂತ ಹುಡುಕಿ.