ಬಾವಲಿ ಕದ್ದ ಕತ್ತಿ: ಅಟಾರಿಯ 'ಅಡ್ವೆಂಚರ್' ಮತ್ತೆ ಆಡಿದಾಗ

ಎಲ್ಲರಿಗೂ ನಮಸ್ಕಾರ.

ಟಿವಿಗೆ ಜೋಡಿಸಿ ಆಡುವ ಹಳೆಯ ಯಂತ್ರ ಅಟಾರಿ 2600ರ 'ಅಡ್ವೆಂಚರ್' ಆಟದ ಬಗ್ಗೆ ಮಾತು ಶುರುವಾದರೆ ಸಾಕು, ಅದು ಹೋಗಿ ನಿಲ್ಲುವುದು ಗುಟ್ಟಿನ ಕೋಣೆಯ ಹತ್ತಿರವೇ. ಅದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಆ ಕಾಲದಲ್ಲಿ ಅಟಾರಿ ತನ್ನ ಆಟಗಳ ಮೇಲೆ ಬರೆದವರ ಹೆಸರು ಹಾಕುತ್ತಿರಲಿಲ್ಲ. ಈ ಆಟ ಬರೆದ ವಾರನ್ ರಾಬಿನೆಟ್ ಯಾರಿಗೂ ಹೇಳದೆ ಒಂದು ಕೋಣೆಯೊಳಗೆ ತನ್ನ ಹೆಸರು ಇಟ್ಟು, ಕೆಲಸ ಬಿಟ್ಟು ಹೋದ. ಕಪ್ಪು ಕೋಟೆಯೊಳಗೆ ಕಣ್ಣಿಗೇ ಬೀಳದ ಒಂದು ಬೂದು ಚುಕ್ಕಿ ಇದೆ. ಅದನ್ನು ಸರಿಯಾದ ಜಾಗಕ್ಕೆ ತಂದು, ಜೊತೆಗೆ ಇನ್ನೆರಡು ವಸ್ತು ಇಟ್ಟರೆ ಅಲ್ಲಿನ ಗೋಡೆ ಮಿನುಗತೊಡಗುತ್ತದೆ. ಆಗ ನುಗ್ಗಿ ಹೋಗಬಹುದು. 1980ರಲ್ಲಿ ಆಟ ಅಂಗಡಿಗೆ ಬಂದು, ಒಬ್ಬ ಹುಡುಗ ಇದನ್ನು ಕಂಡುಹಿಡಿದು ಪತ್ರ ಬರೆದ ಮೇಲೇ ಕಂಪನಿಗೆ ವಿಷಯ ತಿಳಿದದ್ದು.

ಒಳ್ಳೆಯ ಕಥೆ, ಅಲ್ವಾ? ಆದರೆ ನನ್ನ ಲೆಕ್ಕದಲ್ಲಿ ಈ ಆಟದ ದೊಡ್ಡ ವಿಷಯ ಆ ಕೋಣೆ ಅಲ್ಲ, ಬಾವಲಿ.

ರಾಬಿನೆಟ್ ಸ್ಟ್ಯಾನ್‌ಫರ್ಡ್‌ನಲ್ಲಿ ಬರೀ ಅಕ್ಷರಗಳ ಒಂದು ಗುಹೆಯ ಆಟ ನೋಡಿದ್ದ. ವಿಲ್ ಕ್ರೌದರ್ ಮತ್ತು ಡಾನ್ ವುಡ್ಸ್ ಬರೆದದ್ದು, ದೊಡ್ಡ ಕಂಪ್ಯೂಟರ್‌ನಲ್ಲಿ ಓಡುತ್ತಿದ್ದದ್ದು. ಅದನ್ನು ಟಿವಿಗೆ ಜೋಡಿಸುವ ಪುಟ್ಟ ಡಬ್ಬಿಗೆ ಇಳಿಸಬೇಕೆಂದು ಹೊರಟ. ಇದು ಆಗದ ಕೆಲಸ, ಬಿಡು ಎಂದು ಅವನ ಮೇಲಿನವರು ಹೇಳಿದರು. ಅವರು ಹೇಳಿದ್ದರಲ್ಲೂ ಅರ್ಥವಿತ್ತು. ಆಟ ತುಂಬಿಸಿ ಯಂತ್ರಕ್ಕೆ ಸಿಕ್ಕಿಸುವ ಕಾರ್ಟ್ರಿಜ್‌ನಲ್ಲಿ ಇದ್ದ ಜಾಗ 4 ಕಿಲೋಬೈಟ್. ಆಟ ನಡೆಯುವಾಗ ನೆನಪಿಟ್ಟುಕೊಳ್ಳಲು ಯಂತ್ರದಲ್ಲಿ ಇದ್ದದ್ದು 128 ಬೈಟ್. ಕಿಲೋಬೈಟ್ ಅಲ್ಲ, ಬೈಟ್!

ಅಷ್ಟೇ ಜಾಗದಲ್ಲಿ ಅವನು 30 ಕೋಣೆ ಹಿಡಿಸಿದ. ಚಿನ್ನದ ಕೋಟೆ, ಕಪ್ಪು ಕೋಟೆ, ಬಿಳಿ ಕೋಟೆ. ಪ್ರತಿಯೊಂದಕ್ಕೂ ಅದರದೇ ಬೀಗದ ಕೈ. ಕಳೆದುಹೋದ ಬಟ್ಟಲನ್ನು ಹುಡುಕಿ ಚಿನ್ನದ ಕೋಟೆಗೆ ತರಬೇಕು, ಅಷ್ಟೇ. ನೀವು ಯಾರು ಅಂದರೆ ಒಂದು ಚೌಕ. ಮುಖ ಇಲ್ಲ, ಕೈಕಾಲು ಇಲ್ಲ. ಒಂದು ಸಲಕ್ಕೆ ಒಂದೇ ವಸ್ತು ಹೊರಬಹುದು. ಕತ್ತಿ ಹಿಡಿದರೆ ಬೀಗದ ಕೈ ಬಿಡಬೇಕು. ಈ ಒಂದು ನಿಯಮ ಇಡೀ ಆಟವನ್ನು ಕುತ್ತಿಗೆ ಹಿಡಿದು ನಡೆಸುತ್ತದೆ.

ಮೂರು ಡ್ರ್ಯಾಗನ್‌ಗಳಿವೆ. ಹಳದಿ ಯಾರ್ಗಲ್, ಹಸಿರು ಗ್ರಂಡಲ್, ಕೆಂಪು ರಿಂಡಲ್. ನೋಡಲು ಥೇಟ್ ಬಾತುಕೋಳಿ. ನಗು ಬರುತ್ತದೆ. ಆದರೆ ರಿಂಡಲ್ ಅಟ್ಟಿಸಿಕೊಂಡು ಬಂದಾಗ ಯಾರೂ ನಗುವುದಿಲ್ಲ. ಯಾರ್ಗಲ್‌ಗೆ ಚಿನ್ನದ ಬೀಗದ ಕೈ ಕಂಡರೆ ಭಯ, ಓಡಿಹೋಗುತ್ತದೆ. ಇಷ್ಟು ಸಣ್ಣ ಜಾಗದಲ್ಲಿ ಒಂದೊಂದಕ್ಕೂ ಒಂದೊಂದು ಸ್ವಭಾವ!

ಈಗ ಬಾವಲಿ. ಮೊದಲನೇ ಹಂತದಲ್ಲಿ ಅದು ಇಲ್ಲ. ಎರಡು ಮತ್ತು ಮೂರರಲ್ಲಿ ಬರುತ್ತದೆ. ನೀವು ಕತ್ತಿ ಹಿಡಿದು ಡ್ರ್ಯಾಗನ್ ಕಡೆ ಹೊರಟಿದ್ದೀರಿ ಅಂದುಕೊಳ್ಳಿ. ಪರದೆಯ ಅಂಚಿನಿಂದ ಬಾವಲಿ ಪಟಪಟ ಅಂತ ನುಗ್ಗುತ್ತದೆ. ನಿಮ್ಮ ಕತ್ತಿ ಕಿತ್ತುಕೊಂಡು, ತನ್ನ ಬಳಿ ಇದ್ದ ಯಾವುದೋ ವಸ್ತುವನ್ನು ಬಿಟ್ಟು ಹೋಗುತ್ತದೆ. ಕೆಲವೊಮ್ಮೆ ಹಾಗೆ ಬಿಟ್ಟು ಹೋಗುವುದು ಜೀವಂತ ಡ್ರ್ಯಾಗನ್ನನ್ನು! ಡ್ರ್ಯಾಗನ್ ನಿಮ್ಮನ್ನು ನುಂಗಿದರೂ ಆಟ ಮುಗಿಯುವುದಿಲ್ಲ. ಹೊಟ್ಟೆಯೊಳಗೆ ಸುಮ್ನೆ ಕೂತಿರುತ್ತೀರಿ. ಆಗ ಬಾವಲಿ ಬಂದು ಆ ಡ್ರ್ಯಾಗನ್ನನ್ನೇ ಎತ್ತಿಕೊಂಡರೆ, ಅದರ ಜೊತೆ ನಿಮಗೂ ಊರೆಲ್ಲ ಸುತ್ತುವ ಭಾಗ್ಯ.

ಇದು ತಮಾಷೆಯಷ್ಟೇ ಅಲ್ಲ. ಆಗಿನ ಟಿವಿ ಆಟಗಳಲ್ಲಿ ಆಟದ ಲೋಕ ಅಂದರೆ ಸಾಮಾನ್ಯವಾಗಿ ಒಂದೇ ಪರದೆ. ಅದರಾಚೆ ಏನೂ ಇಲ್ಲ. ಇಲ್ಲಿ ನೀವು ಬೇರೆ ಕೋಣೆಯಲ್ಲಿದ್ದಾಗಲೂ ಬಾವಲಿ ಹಾರುತ್ತಿರುತ್ತದೆ, ವಸ್ತುಗಳನ್ನು ಅದಲುಬದಲು ಮಾಡುತ್ತಿರುತ್ತದೆ. ಒಂದು ವಸ್ತು ಎಲ್ಲಿದೆ ಎಂದು ಹೇಳಲು ಮೂರು ಬೈಟ್ ಸಾಕು: ಯಾವ ಕೋಣೆ, ಅಡ್ಡ ಎಷ್ಟು, ಎತ್ತರ ಎಷ್ಟು. ಆ ಕೋಣೆ ಈಗ ಪರದೆಯ ಮೇಲಿದೆಯೋ ಇಲ್ಲವೋ ಎಂಬುದು ಬಾವಲಿಯನ್ನು ನಡೆಸುವ ಲೆಕ್ಕಕ್ಕೆ ಬೇಕಾಗಿಲ್ಲ. ಹಾಗಾಗಿ ಬಿಳಿ ಬೀಗದ ಕೈಯನ್ನು ಒಂದು ಕಡೆ ಜೋಪಾನವಾಗಿ ಇಟ್ಟು ಬಂದು, ತಿರುಗಿ ಹೋದರೆ ಅದು ಇರುವುದಿಲ್ಲ. ಯಾರು ಒಯ್ದರು ಎಂದು ಗೊತ್ತು. ಎಲ್ಲಿಗೆ ಎಂದು ಗೊತ್ತಿಲ್ಲ.

ಯಂತ್ರದ ಬಡತನ ಮಾತ್ರ ಪರದೆ ಮೇಲೆ ಎದ್ದು ಕಾಣುತ್ತದೆ. ಕತ್ತಿ, ಬೀಗದ ಕೈ, ಬಾವಲಿಯಂಥ ವಸ್ತುಗಳನ್ನು ಅದು ಏಕಕಾಲಕ್ಕೆ ಎರಡೇ ತೋರಿಸಬಲ್ಲದು. ಮೂರನೆಯದು ಬಂತೋ, ಸರದಿ ಮೇಲೆ ತೋರಿಸುತ್ತದೆ. ಎಲ್ಲವೂ ಮಿಣುಕುತ್ತವೆ. ಗುಟ್ಟಿನ ಗೋಡೆ ಮಿನುಗುವುದಕ್ಕೂ ಒಂದೇ ಕೋಣೆಯಲ್ಲಿ ವಸ್ತುಗಳು ಜಾಸ್ತಿ ಆಗುವುದೇ ಕಾರಣ. ರಾಬಿನೆಟ್ ಯಂತ್ರದ ಕೊರತೆಯನ್ನೇ ಬಾಗಿಲು ಮಾಡಿಕೊಂಡ!

ಕತ್ತಲ ದಾರಿಗಳೂ ಹೀಗೇ. ಗೋಡೆಗೂ ಹಿನ್ನೆಲೆಗೂ ಒಂದೇ ಬಣ್ಣ. ನಿಮ್ಮ ಸುತ್ತ ಒಂದು ಕಿತ್ತಳೆ ಚೌಕ ಚಲಿಸುತ್ತದೆ, ಅದರ ಮೇಲೆ ಬಿದ್ದ ಗೋಡೆಯಷ್ಟೇ ಕಾಣುತ್ತದೆ. ಕೈಯಲ್ಲಿ ದೀಪ ಹಿಡಿದು ನಡೆದ ಹಾಗಿರುತ್ತದೆ.

ಇವತ್ತು ಆಡಿದರೆ ಬೇಜಾರು ಆಗುವುದಿಲ್ಲವೇ ಎಂದು ಕೇಳಬಹುದು. ಮೊದಲನೇ ಹಂತ ಆಗುತ್ತದೆ, ಒಪ್ಪುತ್ತೇನೆ. ಅದು ಬರೀ ಅಭ್ಯಾಸಕ್ಕೆ. ಎರಡನೆಯದರಲ್ಲಿ ಎಲ್ಲ ವಸ್ತುಗಳ ಜಾಗ ಮೊದಲೇ ಗೊತ್ತಾಗಿಬಿಡುತ್ತದೆ. ನೇರವಾಗಿ ಮೂರನೆಯದಕ್ಕೆ ಹೋಗಿ. ಅಲ್ಲಿ ಪ್ರತಿ ಸಲ ವಸ್ತುಗಳು ಬೇರೆ ಬೇರೆ ಕಡೆ ಇರುತ್ತವೆ. ಡ್ರ್ಯಾಗನ್ ನುಂಗಿದರೆ ರೀಸೆಟ್ ಒತ್ತಿ. ಚಿನ್ನದ ಕೋಟೆಯ ಮುಂದೆ ಮತ್ತೆ ಹುಟ್ಟುತ್ತೀರಿ, ವಸ್ತುಗಳು ಇದ್ದಲ್ಲೇ ಇರುತ್ತವೆ. ಆದರೆ ನೀವು ಕಷ್ಟಪಟ್ಟು ಕೊಂದ ಡ್ರ್ಯಾಗನ್‌ಗಳೂ ಎದ್ದು ಕೂತಿರುತ್ತವೆ. ಬಾವಲಿ ಕಾಟ ತಡೆಯಲಾಗದಿದ್ದರೆ ಅದನ್ನೇ ಹಿಡಿದುಕೊಂಡು ಓಡಾಡಿ. ಹಾಗೂ ಆಡಬಹುದು.