ಸೆರೆಸಿಕ್ಕವರ ಲೆಕ್ಕ

ಕೇಳುಗರಿಗೆ ನಮಸ್ಕಾರ.

1862ರ ಜುಲೈ 22. ಅಮೆರಿಕದ ವರ್ಜೀನಿಯಾ ರಾಜ್ಯ, ಜೇಮ್ಸ್ ನದಿಯ ದಂಡೆ. ಅಂತರ್ಯುದ್ಧದಲ್ಲಿ ವರ್ಷಕ್ಕೂ ಮೇಲ್ಪಟ್ಟು ಹೊಡೆದಾಡುತ್ತಿದ್ದ ಎರಡು ಸೈನ್ಯಗಳ ಇಬ್ಬರು ಜನರಲ್‌ಗಳು ಅಲ್ಲಿ ಒಂದು ಕರಾರಿಗೆ ಸಹಿ ಹಾಕಿದರು. ಉತ್ತರದ ಕಡೆಯಿಂದ ಜಾನ್ ಡಿಕ್ಸ್, ದಕ್ಷಿಣದ ಕಡೆಯಿಂದ ಡಿ. ಎಚ್. ಹಿಲ್. ಕರಾರಿನೊಳಗೆ ಒಂದು ದರಪಟ್ಟಿ ಇತ್ತು. ಮುಖ್ಯ ದಂಡನಾಯಕನೊಬ್ಬ ಸೆರೆಸಿಕ್ಕಿದರೆ ಅವನನ್ನು ಬಿಡಿಸಿಕೊಳ್ಳಲು 60 ಸಾಮಾನ್ಯ ಸಿಪಾಯಿಗಳನ್ನು ಕೊಡಬೇಕು. ಮೇಜರ್ ಜನರಲ್‌ಗೆ 40, ಕರ್ನಲ್‌ಗೆ 15, ಕ್ಯಾಪ್ಟನ್‌ಗೆ 6, ಲೆಫ್ಟಿನೆಂಟ್‌ಗೆ 4. ಸಿಪಾಯಿಗೆ ಸಿಪಾಯಿ ಸರಿಸಮ. ಸಂತೆಯಲ್ಲಿ ದೊಡ್ಡ ನೋಟಿಗೆ ಚಿಲ್ಲರೆ ಎಣಿಸಿಕೊಟ್ಟ ಹಾಗೆ.

ಕೇಳಲು ಕ್ರೂರ ಅನ್ನಿಸುತ್ತದೆ, ನಿಜ. ಆದರೆ ಈ ಪಟ್ಟಿಯ ಪ್ರಕಾರ ಕೊಡುಕೊಳ್ಳುವಿಕೆ ನಡೆಯುತ್ತಿದ್ದಷ್ಟು ಕಾಲ ಸೆರೆಸಿಕ್ಕ ಹುಡುಗರು ಬಹುಪಾಲು ಬದುಕಿ ಮನೆ ಸೇರಿದರು. ಅದು ನಿಂತ ಮೇಲೆ ಸಾವಿರಗಟ್ಟಲೆ ಸತ್ತರು. ಅಮೆರಿಕದ ಅಂತರ್ಯುದ್ಧದ ಸೆರೆಶಿಬಿರಗಳೆಂದರೆ ಸಾಮಾನ್ಯವಾಗಿ ಒಂದೇ ಶಿಬಿರದ ಹೆಸರು, ಒಬ್ಬನೇ ದುಷ್ಟನ ಹೆಸರು ಬರುತ್ತದೆ. ನನಗೆ ಆ ಕಥೆ ಅರ್ಧ ಸತ್ಯ ಅನ್ನಿಸುತ್ತದೆ. ಉಳಿದರ್ಧ ಇರುವುದು ಲೆಕ್ಕದಲ್ಲಿ.

ಹಿನ್ನೆಲೆ ಗೊತ್ತಿರುವಂಥದ್ದೇ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ 11 ರಾಜ್ಯಗಳು ಒಕ್ಕೂಟದಿಂದ ಹೊರನಡೆದವು. 1861ರ ಏಪ್ರಿಲ್‌ನಲ್ಲಿ ಶುರುವಾದ ಯುದ್ಧ ನಾಲ್ಕು ವರ್ಷ ನಡೆಯಿತು. ಅದರ ಬಿಸಿ ನಮ್ಮ ಧಾರವಾಡ ಸೀಮೆಗೂ ತಟ್ಟಿತ್ತು. ಅಮೆರಿಕದ ಹತ್ತಿ ನಿಂತುಹೋಗಿ ಲ್ಯಾಂಕಾಶೈರಿನ ಗಿರಣಿಗಳು ಬಾಯಿಬಿಟ್ಟಾಗ ಇಲ್ಲಿನ ಅರಳೆಗೆ ಕಂಡು ಕೇಳರಿಯದ ಬೆಲೆ ಬಂತು. ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದು ಇದೇ 1862ರಲ್ಲಿ. ಕಾರವಾರ ಬಂದರಿನಿಂದ ಧಾರವಾಡದ ಹತ್ತಿಯನ್ನು ಸಾಗಿಸುವ ಆಸೆ ಅದರ ಹಿಂದಿತ್ತು. ಇರಲಿ, ಅದು ಇನ್ನೊಂದು ದಿನದ ಮಾತು.

ಯುದ್ಧ ಶುರುವಾದಾಗ ಸೆರೆಯಾಳುಗಳನ್ನು ಎಲ್ಲಿಡಬೇಕೆಂದು ಎರಡೂ ಕಡೆ ಯಾರೂ ಯೋಚಿಸಿರಲಿಲ್ಲ. ನಾಲ್ಕಾರು ತಿಂಗಳಲ್ಲಿ ಎಲ್ಲ ಮುಗಿಯುತ್ತದೆ ಎಂದೇ ಎಲ್ಲರ ನಂಬಿಕೆ. ಸಿಕ್ಕ ಸಿಕ್ಕಲ್ಲಿ ತುಂಬಿದರು: ಹಳೆಯ ಜೈಲು, ಸಮುದ್ರತೀರದ ಕೋಟೆ, ಗೋದಾಮು. ದಕ್ಷಿಣದ ರಾಜಧಾನಿ ರಿಚ್ಮಂಡ್ ನಗರದ ಪ್ರಸಿದ್ಧ ಲಿಬ್ಬಿ ಸೆರೆಮನೆಯೂ ಅಂಥದೊಂದು ಗೋದಾಮೇ. ಸರಕಿನ ಮೂಟೆ ಪೇರಿಸುತ್ತಿದ್ದ ಅಂತಸ್ತುಗಳಲ್ಲಿ ಉತ್ತರದ ಅಧಿಕಾರಿಗಳನ್ನು ಮಲಗಿಸಿದರು. 1864ರ ಫೆಬ್ರವರಿಯಲ್ಲಿ ಅದರ ನೆಲಮಾಳಿಗೆಯಿಂದ ಸುರಂಗ ಕೊರೆದು 109 ಅಧಿಕಾರಿಗಳು ಪಾರಾದರು. ಅವರಲ್ಲಿ 59 ಮಂದಿ ತಮ್ಮ ಸೇನೆಯನ್ನು ಮುಟ್ಟಿದರು.

ಉತ್ತರದ ಕಡೆಯ ಅಧ್ಯಕ್ಷ ಲಿಂಕನ್‌ಗೆ ಒಂದು ಪೇಚು ಇತ್ತು. ದಕ್ಷಿಣದವರು ಅವನ ಪಾಲಿಗೆ ದಂಗೆಕೋರರು. ಅವರೊಂದಿಗೆ ಕೂತು ಕೈದಿಗಳ ವಿನಿಮಯದ ಕರಾರು ಮಾಡಿಕೊಂಡರೆ ಅವರದೂ ಒಂದು ದೇಶ ಎಂದು ಒಪ್ಪಿದಂತಾಗುವುದಿಲ್ಲವೆ? ಅದಕ್ಕೇ ಮೊದಲ ವರ್ಷವೆಲ್ಲ ಮೀನಮೇಷ ಎಣಿಸಿದ. ಮನೆಯವರ ಒತ್ತಡ, ಪತ್ರಿಕೆಗಳ ಒತ್ತಡ ಹೆಚ್ಚಿದಾಗ ಎರಡು ಸರ್ಕಾರಗಳ ನಡುವೆ ಎನ್ನದೆ ಎರಡು ಸೇನೆಗಳ ನಡುವೆ ಎಂದು ಬರೆಸಿ ಡಿಕ್ಸ್–ಹಿಲ್ ಕರಾರಿಗೆ ಒಪ್ಪಿದ.

ಕರಾರಿನ ಪ್ರಕಾರ ಸೆರೆಸಿಕ್ಕವರನ್ನು ಹತ್ತು ದಿನದೊಳಗೆ ಬಿಡಬೇಕು. ಲೆಕ್ಕಕ್ಕೆ ಮಿಕ್ಕವರು, ತಮ್ಮ ಬದಲಿಗೆ ಆ ಕಡೆಯವನೊಬ್ಬ ಬಿಡುಗಡೆಯಾಗುವವರೆಗೆ ಬಂದೂಕು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು ಹೋಗಬೇಕು. ಇದಕ್ಕೆ ಪೆರೋಲ್ ಎನ್ನುತ್ತಿದ್ದರು. ಸಿಪಾಯಿಗಳು ಜಾಣರು. ಸೆರೆಸಿಕ್ಕರೆ ಕೆಲವು ತಿಂಗಳು ಯುದ್ಧದ ತಾಪತ್ರಯವಿಲ್ಲ ಎಂದು ಗೊತ್ತಾದಾಗ ಬೇಕೆಂದೇ ಹಿಂದೆ ಬಿದ್ದು ಸಿಕ್ಕಿಹಾಕಿಕೊಳ್ಳುವವರು ಹುಟ್ಟಿಕೊಂಡರು. ಉತ್ತರದ ಸರ್ಕಾರ ಕಣ್ಣು ಕೆಂಪಗೆ ಮಾಡಿತು. ಪೆರೋಲ್ ಪಡೆದು ಬಂದ ತನ್ನದೇ ಸೈನಿಕರನ್ನು ಮನೆಗೆ ಬಿಡದೆ ಅನಾಪೊಲಿಸ್‌ನಂಥ ಕಡೆ ಶಿಬಿರ ಹಾಕಿ ಕೂರಿಸಿತು. ತನ್ನವರನ್ನೇ ತಾನು ಕೂಡಿಹಾಕಿದ್ದು!

ಹೀಗೆ ಹತ್ತು ತಿಂಗಳು ಕುಂಟುತ್ತ ನಡೆದ ವ್ಯವಸ್ಥೆ 1863ರಲ್ಲಿ ಕುಸಿಯಿತು. ಕುಸಿದದ್ದು ಕರಿಯ ಸೈನಿಕರ ಪ್ರಶ್ನೆಯ ಮೇಲೆ. ಆ ವರ್ಷದ ಜನವರಿ 1ರಂದು ದಂಗೆಯೆದ್ದ ನಾಡಿನ ಗುಲಾಮರು ಸ್ವತಂತ್ರರು ಎಂದು ಸಾರಿದ ವಿಮೋಚನಾ ಘೋಷಣೆಯ ನಂತರ ಉತ್ತರದ ಸೇನೆ ಕರಿಯರನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡಿತು. ದಕ್ಷಿಣದ ಕಾಂಗ್ರೆಸ್ ಮೇ ತಿಂಗಳಲ್ಲಿ ನಿರ್ಣಯ ಮಾಡಿತು: ಅಂಥ ಪಡೆಗಳ ಬಿಳಿಯ ಅಧಿಕಾರಿಗಳು ಸಿಕ್ಕರೆ ಮರಣದಂಡನೆಗೂ ಗುರಿಯಾಗಬಹುದು, ಕರಿಯ ಸೈನಿಕರನ್ನು ಆಯಾ ರಾಜ್ಯಗಳಿಗೆ ಒಪ್ಪಿಸಬೇಕು. ಒಪ್ಪಿಸುವುದೆಂದರೆ ಮತ್ತೆ ಗುಲಾಮಗಿರಿಗೆ ತಳ್ಳುವುದು, ಇಲ್ಲವೆ ನೇಣಿಗೆ. ಲಿಂಕನ್ ಜುಲೈನಲ್ಲಿ ತಿರುಗಿ ಆಜ್ಞೆ ಹೊರಡಿಸಿದ: ನಮ್ಮ ಸೈನಿಕನನ್ನು ಗುಲಾಮನನ್ನಾಗಿ ಮಾರಿದರೆ ನಿಮ್ಮವನೊಬ್ಬನಿಗೆ ಕಠಿಣ ದುಡಿಮೆ, ಕೊಂದರೆ ನಿಮ್ಮವನೊಬ್ಬನಿಗೂ ಅದೇ ಗತಿ. ವಿನಿಮಯ ನಿಂತಿತು.

ಇಲ್ಲಿ ಉತ್ತರದ ನಿಲುವು ನ್ಯಾಯದ್ದೇ ಎಂದು ನಾನು ಒಪ್ಪುತ್ತೇನೆ. ನಿನ್ನ ಪಡೆಯ ಒಬ್ಬ ಸೈನಿಕನನ್ನು ಸೈನಿಕನೇ ಅಲ್ಲ, ಸ್ವತ್ತು ಎಂದು ಎದುರಾಳಿ ಹೇಳುವಾಗ ಉಳಿದವರನ್ನು ಮಾತ್ರ ಬಿಡಿಸಿಕೊಂಡು ಬರುವುದು ಹೇಗೆ? ಆದರೆ ನ್ಯಾಯದ ಪಕ್ಕದಲ್ಲೇ ಇನ್ನೊಂದು ಲೆಕ್ಕವೂ ಕೂತಿತ್ತು. ದಕ್ಷಿಣಕ್ಕೆ ಜನಬಲ ಕಡಿಮೆ. ಬಿಟ್ಟ ಪ್ರತಿ ಕೈದಿಯೂ ಮರುವಾರ ಬಂದೂಕು ಹಿಡಿದು ಬರುತ್ತಾನೆ. 1864ರ ಆಗಸ್ಟ್‌ನಲ್ಲಿ ಉತ್ತರದ ಸೇನಾಪತಿ ಜನರಲ್ ಗ್ರಾಂಟ್ ಇದನ್ನು ಬಿಚ್ಚಿಯೇ ಬರೆದ: ದಕ್ಷಿಣದ ಸೆರೆಯಲ್ಲಿರುವ ನಮ್ಮವರ ಪಾಲಿಗೆ ಇದು ಕಷ್ಟವೇ, ಆದರೆ ರಣರಂಗದಲ್ಲಿ ಉಳಿದಿರುವ ನಮ್ಮವರ ಪಾಲಿಗೆ ಕರುಣೆ. ಲೆಕ್ಕ ಸರಿಯಾಗಿಯೇ ಇತ್ತು. ಅದನ್ನು ಹೊಟ್ಟೆಯ ಮೇಲೆ ಹೊತ್ತವರು ಬೇರೆ.

ಅವರಲ್ಲಿ ಹೆಚ್ಚಿನವರು ಇದ್ದದ್ದು ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ. ಸರ್ಕಾರಿ ಹೆಸರು ಕ್ಯಾಂಪ್ ಸಮ್ಟರ್. 1864ರ ಫೆಬ್ರವರಿಯಲ್ಲಿ ಮೊದಲ ಕೈದಿಗಳು ಬಂದರು. ಪೈನ್ ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ನೆಟ್ಟು ಮಾಡಿದ ಬೇಲಿ, ಒಳಗೆ ಹದಿನಾರೂವರೆ ಎಕರೆ ಬಯಲು. ಜೂನ್‌ನಲ್ಲಿ ಇನ್ನೊಂದು ಹತ್ತು ಎಕರೆ ಸೇರಿಸಿದರು. 10,000 ಜನರಿಗೆಂದು ಕಟ್ಟಿದ್ದು. ಆಗಸ್ಟ್ ಹೊತ್ತಿಗೆ ಅಲ್ಲಿದ್ದವರು ಸುಮಾರು 33,000. ದಕ್ಷಿಣದಲ್ಲಿ ಅಷ್ಟು ಜನಸಂಖ್ಯೆಯ ಊರುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಬಯಲು ಎಂದೆನಲ್ಲ, ನಿಜಕ್ಕೂ ಬಯಲೇ. ಮೊದಲ ತಿಂಗಳುಗಳಲ್ಲಿ ಒಂದು ಚಪ್ಪರವನ್ನೂ ಸರ್ಕಾರ ಹಾಕಿಕೊಡಲಿಲ್ಲ. ಕಂಬಳಿ ಇದ್ದವನು ಎರಡು ಕೋಲಿಗೆ ಕಂಬಳಿ ಕಟ್ಟಿ ಕೆಳಗೆ ತೂರಿಕೊಂಡ. ಇಲ್ಲದವನು ನೆಲದಲ್ಲಿ ಗುಂಡಿ ತೋಡಿ ಮಲಗಿದ. ನಡುವೆ ಒಂದು ಸಣ್ಣ ಹಳ್ಳ ಹರಿಯುತ್ತಿತ್ತು. ಕಾವಲು ಪಡೆಯ ಬಿಡಾರ, ಅಡುಗೆಮನೆ ಎರಡೂ ಹಳ್ಳದ ಮೇಲುಭಾಗದಲ್ಲಿ. ಅವರ ಹೊಲಸು, ಅಡುಗೆಯ ಜಿಡ್ಡು ಎಲ್ಲ ಹೊತ್ತು ನೀರು ಬೇಲಿಯ ಒಳಗೆ ಬರುತ್ತಿತ್ತು. ಒಳಗಿನವರು ಮೇಲ್ತುದಿಯಲ್ಲಿ ಕುಡಿಯುವ ನೀರು ತುಂಬಿಕೊಂಡು, ಕೆಳತುದಿಯಲ್ಲಿ ಶೌಚಕ್ಕೆ ಹೋಗಬೇಕು. ಬೇಸಗೆಯಲ್ಲಿ ಹಳ್ಳ ಸೊರಗಿ ಎರಡೂ ದಂಡೆ ಕೊಚ್ಚೆಯ ಜೌಗಾಯಿತು. ಭೇದಿ, ಆಮಶಂಕೆ. ತಿನ್ನಲು ಗೋವಿನಜೋಳದ ಹಿಟ್ಟು, ಅದೂ ದಿಂಡಿನ ಸಮೇತ ಬೀಸಿದ್ದು. ಮೊದಲೇ ಸವೆದ ಕರುಳಿಗೆ ಅದು ಉಜ್ಜುಗಲ್ಲು. ತರಕಾರಿಯ ಮಾತೇ ಇಲ್ಲ. ಸ್ಕರ್ವಿ ಹಿಡಿದು ಒಸಡು ಕರಗಿ ಹಲ್ಲು ಉದುರಿದವು, ಸಣ್ಣ ಗೀರು ಗ್ಯಾಂಗ್ರೀನ್ ಆಯಿತು.

ಬೇಲಿಯಿಂದ 19 ಅಡಿ ಒಳಗೆ ಒಂದು ಮೋಟು ಅಡ್ಡಪಟ್ಟಿ. ಡೆಡ್ ಲೈನ್. ದಾಟಿದವನ ಮೇಲೆ, ಕೆಲವೊಮ್ಮೆ ಬರೀ ಕೈ ಚಾಚಿದವನ ಮೇಲೆ, ಗೋಪುರದ ಕಾವಲುಗಾರ ಗುಂಡು ಹಾರಿಸಬಹುದಿತ್ತು. ಕೈದಿಗಳಲ್ಲೇ ದೋಚುವ ಒಂದು ತಂಡ ಹುಟ್ಟಿತು. ಹೊಸಬರ ಬಟ್ಟೆ, ದುಡ್ಡು ಕಿತ್ತುಕೊಳ್ಳುವುದು, ಎದುರಾಡಿದರೆ ಕೊಲ್ಲುವುದು. ಕೊನೆಗೆ ಕೈದಿಗಳೇ ಅಧಿಕಾರಿಗಳ ಒಪ್ಪಿಗೆ ಪಡೆದು, ತಮ್ಮೊಳಗೆ ಪಂಚರನ್ನು ಆರಿಸಿ ವಿಚಾರಣೆ ನಡೆಸಿ 1864ರ ಜುಲೈ 11ರಂದು ಆರು ಜನರನ್ನು ಗಲ್ಲಿಗೇರಿಸಿದರು.

ಆಗಸ್ಟ್‌ನಲ್ಲಿ ದಿನಕ್ಕೆ ಸುಮಾರು 100 ಹೆಣ. ದಕ್ಷಿಣದ ಸೇನೆಯೇ ಕಳಿಸಿದ ತಪಾಸಣಾಧಿಕಾರಿ ಕರ್ನಲ್ ಚಾಂಡ್ಲರ್, ಈ ಜಾಗ ನಾಗರಿಕತೆಗೇ ಕಳಂಕ ಎಂದು ವರದಿ ಬರೆದ. ವರದಿ ರಿಚ್ಮಂಡ್ ತಲುಪಿತು. ಅಲ್ಲೇ ಉಳಿಯಿತು. ದಕ್ಷಿಣದ ಬಳಿ ಆಗ ಏನೂ ಇರಲಿಲ್ಲ, ತನ್ನ ಸೈನಿಕರಿಗೇ ಹೊಟ್ಟೆಗಿಲ್ಲ ಎಂಬ ಸಮಜಾಯಿಷಿ ಇದೆ. ಅನ್ನದ ಮಟ್ಟಿಗೆ ಅದನ್ನು ಸ್ವಲ್ಪ ಒಪ್ಪಬಹುದು. ಸುತ್ತ ಪೈನ್ ಕಾಡೇ ಕಾಡು ಇರುವಲ್ಲಿ ಸೂರಿಗೆ, ಉರುವಲಿಗೆ ಮರವಿಲ್ಲದ್ದು ಯಾವ ಬಡತನ? ವರ್ಷದ ಸುಮಾರಿಗೆ ಅಲ್ಲಿಗೆ ಬಂದವರು ಒಟ್ಟು 45,000. ಸತ್ತವರು ಹೆಚ್ಚುಕಡಿಮೆ 13,000.

ಹಾಗೆಂದು ಉತ್ತರದವರ ಕೈ ಚೊಕ್ಕಟವಲ್ಲ. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ 1864ರ ಜುಲೈನಲ್ಲಿ ಶಿಬಿರ ತೆರೆದರು. 12,000ಕ್ಕೂ ಹೆಚ್ಚು ದಕ್ಷಿಣದ ಕೈದಿಗಳು, ಸತ್ತವರು ಸುಮಾರು 3,000. ನಾಲ್ವರಲ್ಲಿ ಒಬ್ಬ. ಪ್ರಮಾಣದಲ್ಲಿ ಆಂಡರ್ಸನ್‌ವಿಲ್‌ಗೆ ಹತ್ತಿರ. ಇದೋ, ಉಗ್ರಾಣ ತುಂಬಿ ತುಳುಕುತ್ತಿದ್ದ ನಾಡು. ಶಿಬಿರದೊಳಗೆ ನಿಂತ ನೀರಿನ ಕೊಳ, ಅದಕ್ಕೇ ಮಲಿನ ಸೇರುತ್ತಿತ್ತು. ಹಿಮ ಬೀಳುವ ಚಳಿಗಾಲದಲ್ಲೂ ಎಷ್ಟೋ ಜನ ಡೇರೆಯಲ್ಲೇ ಇದ್ದರು. ಊರಿನ ವ್ಯಾಪಾರಿಗಳು ಬೇಲಿಯ ಹೊರಗೆ ಅಟ್ಟಣಿಗೆ ಕಟ್ಟಿ ಕೈದಿಗಳನ್ನು ನೋಡಲು ತಲೆಗಿಷ್ಟು ಸೆಂಟ್ ವಸೂಲಿ ಮಾಡಿದರು. ಮೃಗಾಲಯದ ಟಿಕೆಟ್ಟು!

ಉತ್ತರದ ಕೈದಿಗಳ ಇಲಾಖೆಯ ಮುಖ್ಯಸ್ಥ ಕರ್ನಲ್ ವಿಲಿಯಂ ಹಾಫ್‌ಮನ್, ಬಿಗಿಮುಷ್ಟಿಯ ಮನುಷ್ಯ. ನಮ್ಮವರನ್ನು ಅಲ್ಲಿ ಉಪವಾಸ ಕೆಡವುತ್ತಾರೆ ಎಂಬ ಸಿಟ್ಟಿನಲ್ಲಿ 1864ರಲ್ಲಿ ದಕ್ಷಿಣದ ಕೈದಿಗಳ ಪಡಿಯನ್ನು ಕಡಿತ ಮಾಡಲಾಯಿತು. ಯುದ್ಧ ಮುಗಿದಾಗ ಹಾಫ್‌ಮನ್ ಕೈದಿಗಳ ಬಾಬ್ತು ಖರ್ಚಾಗದೆ ಉಳಿದ 18 ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ಸರ್ಕಾರಕ್ಕೆ ಮರಳಿಸಿದ. ಅಂಥ ಪ್ರಾಮಾಣಿಕತೆಯನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ಆ ದುಡ್ಡಿಗೆ ಎಷ್ಟು ಗಾಡಿ ಈರುಳ್ಳಿ, ಆಲೂಗಡ್ಡೆ ಬರುತ್ತಿತ್ತು ಎಂದು ಮಾತ್ರ ಯೋಚಿಸುತ್ತೇನೆ. ಸ್ಕರ್ವಿಗೆ ಮದ್ದು ಅದೇ ಆಗಿತ್ತು.

ಎಲ್ಮೈರಾದಲ್ಲಿ ಹೆಣ ಹೂಳುವ ಕೆಲಸ ಬಿದ್ದದ್ದು ಜಾನ್ ಡಬ್ಲ್ಯೂ. ಜೋನ್ಸ್ ಎಂಬವನಿಗೆ. ವರ್ಜೀನಿಯಾದ ತೋಟವೊಂದರಲ್ಲಿ ಗುಲಾಮನಾಗಿ ಹುಟ್ಟಿ, 1844ರಲ್ಲಿ ತಪ್ಪಿಸಿಕೊಂಡು ಬಂದವನು. ತನ್ನಂತೆ ಓಡಿಬಂದ ನೂರಾರು ಜನರನ್ನು ಮುಂದೆ ಸಾಗಿಸಿದವನು. ಅವನನ್ನು ಗುಲಾಮನಾಗಿ ಇಡಲು ಹೋರಾಡಿದವರ ಹೆಣಗಳು ಈಗ ಅವನ ಗಾಡಿಯಲ್ಲಿ ಬರುತ್ತಿದ್ದವು. ಜೋನ್ಸ್ ಪ್ರತಿಯೊಂದು ಪೆಟ್ಟಿಗೆಯ ಮೇಲೂ ಹೆಸರು, ದಳ, ತಾರೀಖು ಬರೆಸಿದ, ದಫ್ತರದಲ್ಲಿ ಗೋರಿಯ ಸಂಖ್ಯೆ ಸಮೇತ ದಾಖಲಿಸಿದ. ಅದರಲ್ಲಿ ಒಬ್ಬ, ಅವನು ಬಿಟ್ಟು ಬಂದ ತೋಟದ ಮೇಸ್ತ್ರಿಯ ಮಗ. ಹೂಳುವ ಕೆಲಸಕ್ಕೆ ಹೆಣಕ್ಕೆ ಎರಡೂವರೆ ಡಾಲರ್ ಕೂಲಿ. ಆ ದುಡ್ಡಿನಿಂದ ಜೋನ್ಸ್ ಅನುಕೂಲಸ್ಥನಾದ, ಹೊಲ ಕೊಂಡ. ಈ ಯುದ್ಧದಲ್ಲಿ ಲೆಕ್ಕ ನೆಟ್ಟಗೆ ಇಟ್ಟವರಲ್ಲಿ ಅವನ ಹೆಸರು ಮೊದಲು ಬರಬೇಕು.

1865ರ ಆರಂಭದಲ್ಲಿ ದಕ್ಷಿಣ ಸೋಲಿನ ಅಂಚಿಗೆ ಬಂದು, ಕರಿಯ ಸೈನಿಕರನ್ನೂ ಸೇರಿಸಿಯೇ ವಿನಿಮಯಕ್ಕೆ ತಯಾರಾಯಿತು. ಆ ಹೊತ್ತಿಗೆ ತಡವಾಗಿತ್ತು. ಎರಡೂ ಕಡೆಯ ಶಿಬಿರಗಳಲ್ಲಿ ಸತ್ತವರು ಸುಮಾರು 56,000: ಉತ್ತರದವರು 30,000, ದಕ್ಷಿಣದವರು 26,000. ಬಿಡುಗಡೆಯಾಗಿ ಮನೆಗೆ ಹೊರಟವರನ್ನೂ ದುರ್ದೆಸೆ ಬಿಡಲಿಲ್ಲ. 376 ಜನರಿಗೆ ಪರವಾನಗಿ ಇದ್ದ ಸುಲ್ತಾನಾ ಎಂಬ ಉಗಿದೋಣಿಯಲ್ಲಿ 2,000ಕ್ಕೂ ಹೆಚ್ಚು ಜನರನ್ನು ತುರುಕಿದ್ದರು. ಏಪ್ರಿಲ್ 27ರಂದು ಮೆಂಫಿಸ್ ಬಳಿ ಮಿಸಿಸಿಪಿ ನದಿಯಲ್ಲಿ ಅದರ ಬಾಯ್ಲರ್ ಸಿಡಿಯಿತು. ಸಾವಿರಕ್ಕೂ ಮೇಲ್ಪಟ್ಟು ಜನ ಸತ್ತರು.

ಇಷ್ಟೆಲ್ಲಕ್ಕೂ ಯಾರನ್ನಾದರೂ ನೇಣಿಗೆ ಹಾಕಬೇಕಿತ್ತು. ಸಿಕ್ಕವನು ಆಂಡರ್ಸನ್‌ವಿಲ್‌ನ ಒಳಾಡಳಿತ ನೋಡುತ್ತಿದ್ದ ಹೆನ್ರಿ ವರ್ಜ್. ಸ್ವಿಟ್ಜರ್‌ಲೆಂಡಿನಿಂದ ವಲಸೆ ಬಂದವನು, ಮುಂಗೋಪಿ, ಬಾಯಿ ಹೊಲಸು. ಅವನ ಮೇಲಧಿಕಾರಿ ಜನರಲ್ ವಿಂಡರ್ ಫೆಬ್ರವರಿಯಲ್ಲೇ ತೀರಿಕೊಂಡಿದ್ದ. ಮಿಲಿಟರಿ ಆಯೋಗದ ವಿಚಾರಣೆಯ ನಂತರ ನವೆಂಬರ್ 10ರಂದು ವರ್ಜ್‌ನನ್ನು ವಾಷಿಂಗ್ಟನ್‌ನ ಓಲ್ಡ್ ಕ್ಯಾಪಿಟಲ್ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಇವತ್ತು ಅಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದೆ. ದಿಂಡು ಸೇರಿದ ಹಿಟ್ಟಿನಿಂದ ಭೇದಿ ಹೆಚ್ಚುತ್ತಿದೆ ಎಂದು ಇದೇ ವರ್ಜ್ ಮೇಲಕ್ಕೆ ಬರೆದ ಪತ್ರ ಇತಿಹಾಸದಲ್ಲಿ ಉಳಿದಿದೆ. ಅವನು ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. 13,000 ಸಾವನ್ನು ಒಬ್ಬ ಕ್ಯಾಪ್ಟನ್ ದರ್ಜೆಯವನ ತಲೆಗೆ ಕಟ್ಟಿ ಉಳಿದವರೆಲ್ಲ ಕೈ ತೊಳೆದುಕೊಂಡರು, ಅಷ್ಟೆ.

ಇದೇ ಯುದ್ಧದ ಒಂದು ಕಾಗದ ಮಾತ್ರ ದೂರ ಹೋಯಿತು. ಫ್ರಾನ್ಸಿಸ್ ಲೀಬರ್ ಎಂಬ ಕಾನೂನು ಪಂಡಿತ ರಚಿಸಿ 1863ರ ಏಪ್ರಿಲ್‌ನಲ್ಲಿ ಲಿಂಕನ್ ಹೊರಡಿಸಿದ ಸಂಹಿತೆ. ಯುದ್ಧಕೈದಿ ಅಪರಾಧಿಯಲ್ಲ, ಅವನಿಗೆ ಸೇಡಿನ ಹಿಂಸೆ ಕೂಡದು, ಅವನಿಗೆ ಅನ್ನ ಕೊಡಬೇಕು ಎಂದು ಅದು ಹೇಳಿತು. ಬರೆದವನ ಒಬ್ಬ ಮಗ ದಕ್ಷಿಣದ ಪರ ಹೋರಾಡಿ ಸತ್ತಿದ್ದ, ಇನ್ನೊಬ್ಬ ಉತ್ತರದ ಪರ ಹೋರಾಡಿ ತೋಳು ಕಳೆದುಕೊಂಡಿದ್ದ. ಆ ಸಂಹಿತೆಯ ದಾರಿ ಹೇಗ್ ಒಪ್ಪಂದಗಳ ಮೂಲಕ ಯುದ್ಧಕೈದಿಗಳ ಕುರಿತ 1929ರ ಜಿನೀವಾ ಒಪ್ಪಂದಕ್ಕೆ ಬಂತು. ಎರಡನೇ ಮಹಾಯುದ್ಧದಲ್ಲಿ ನಮ್ಮ ಬೆಂಗಳೂರಿನ ಶಿಬಿರಗಳಲ್ಲಿದ್ದ ಇಟಲಿಯ ಕೈದಿಗಳಿಗೆ ಅನ್ವಯವಾಗಿದ್ದುದು ಈ ಜಿನೀವಾ ಒಪ್ಪಂದವೇ.

ಕೊನೆಯದಾಗಿ ಡೋರೆನ್ಸ್ ಆಟ್‌ವಾಟರ್. ಕನೆಕ್ಟಿಕಟ್‌ನ ಹುಡುಗ, ಸೆರೆಸಿಕ್ಕಾಗ ಹದಿನೆಂಟು ವರ್ಷ. ಆಂಡರ್ಸನ್‌ವಿಲ್‌ನಲ್ಲಿ ಸತ್ತವರ ದಫ್ತರ ಬರೆಯುವ ಗುಮಾಸ್ತಿಕೆ ಅವನಿಗೆ ಸಿಕ್ಕಿತು. ಹೆಣಗಳನ್ನು ಉದ್ದನೆಯ ಕಂದಕದಲ್ಲಿ ಭುಜಕ್ಕೆ ಭುಜ ತಾಗಿಸಿ ಮಲಗಿಸಿ, ತಲೆಯ ಹತ್ತಿರ ಸಂಖ್ಯೆ ಬರೆದ ಗೂಟ ನೆಡುತ್ತಿದ್ದರು. ಹೆಸರು ಇದ್ದದ್ದು ದಫ್ತರದಲ್ಲಿ ಮಾತ್ರ. ದಫ್ತರ ಕಳೆದರೆ ಅಷ್ಟೂ ಜನ ಬರೀ ಗೂಟಗಳಾಗುತ್ತಾರೆ ಎಂದು ಹೆದರಿ ಹುಡುಗ ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಂಡ. ಬಿಡುಗಡೆಯಾದಾಗ ಬಚ್ಚಿಟ್ಟು ತಂದ. 1865ರ ಬೇಸಗೆಯಲ್ಲಿ ದಾದಿ ಕ್ಲಾರಾ ಬಾರ್ಟನ್ ಜೊತೆ ಅಲ್ಲಿಗೆ ಮರಳಿ ಹೋಗಿ ಗೂಟಕ್ಕೂ ಹೆಸರಿಗೂ ತಾಳೆ ಹಾಕಲು ನೆರವಾದ. ಸುಮಾರು 13,000 ಗೋರಿಗಳಲ್ಲಿ ಹೆಸರು ಸಿಗದವು 460 ಮಾತ್ರ.

ಈ ಉಪಕಾರಕ್ಕೆ ಅವನಿಗೆ ಸಿಕ್ಕಿದ್ದು ಕೋರ್ಟ್ ಮಾರ್ಷಲ್. ಪಟ್ಟಿ ಯಾರದು ಎಂದು ಸೇನಾ ಇಲಾಖೆಗೂ ಅವನಿಗೂ ಜಗಳ ಬಂದು, ತಾನೇ ಬರೆದ ಪಟ್ಟಿಯನ್ನು ಕದ್ದ ಆರೋಪ ಹೊರಿಸಿ ಜೈಲಿಗೆ ಹಾಕಿದರು. ಶಿಕ್ಷೆ ಪೂರ್ತಿಯಾಗುವ ಮೊದಲೇ ಹೊರಬಂದ ಆಟ್‌ವಾಟರ್ ಮಾಡಿದ ಕೆಲಸ ಪಟ್ಟಿಯನ್ನು ಅಚ್ಚಿಗೆ ಕೊಟ್ಟದ್ದು. 1866ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆ ಅದನ್ನು ಪ್ರಕಟಿಸಿತು. ಮಗ ಎಲ್ಲಿ ಸತ್ತನೆಂದೇ ತಿಳಿಯದೆ ಕಾಯುತ್ತಿದ್ದ ಎಷ್ಟೋ ಮನೆಗಳಿಗೆ ಸುದ್ದಿ ಮುಟ್ಟಿದ್ದು ಆ ಪ್ರತಿಗಳಿಂದ. ಆಮೇಲೆ ಅದೇ ಸರ್ಕಾರ ಅವನನ್ನು ತಾಹಿತಿ ದ್ವೀಪಕ್ಕೆ ತನ್ನ ಕಾನ್ಸಲ್ ಮಾಡಿ ಕಳಿಸಿತು.

ನಮಸ್ಕಾರ.